ಒಂದು ದಿನದ ಶುದ್ಧ ಗಾಳಿ

ಎಲಿಸೆಯೊ ಬಾರ್ರಿಯಾ ಆ ದಿನ ಪಟ್ಟ ಪಾಡಿಗೆಲ್ಲ ಮೂಲ ಒಂದು ಬಿಳಿಯ ಪರದೆ. ಗಾಳಿಯ ಗುಣವನ್ನು ಕುರಿತ ಅಂತರರಾಷ್ಟ್ರೀಯ ವಿಜ್ಞಾನ ಸಮ್ಮೇಳನವು ಪಂಪಾ ಗ್ರಿಸ್ ಊರಿನ ವ್ಯಾಯಾಮಶಾಲೆಯಲ್ಲಿ ನಡೆಯುವುದೆಂದು ನಿಶ್ಚಯವಾದಾಗ, ವಾಯು ಕಚೇರಿಯ ನಿರ್ದೇಶಕ ಗಾಯಾರ್ದೊ ಸಾಹೇಬರು ಉತ್ಸಾಹದಿಂದ ವೇದಿಕೆಯ ಪಕ್ಕದಲ್ಲಿ ಆ ಪರದೆಯನ್ನು ತೂಗುಹಾಕಿಸಿದರು. ಕಣಿವೆಯ ಎರಡು ಮಾಪನ ಕೇಂದ್ರಗಳ ಅಂಕಿಗಳು ಅದರ ಮೇಲೆ ಆಗಿಂದಾಗ್ಗೆ ಮೂಡಬೇಕು. ಗಾಳಿ ಚೆನ್ನಾಗಿದ್ದರೆ ಹಸಿರು, ಸುಮಾರಾಗಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು, ಕೆಟ್ಟು ಕೆರ ಹಿಡಿದಿದ್ದರೆ ನೇರಳೆ. ಪರದೆ ತೂಗಿದ ಮೇಲೆ ಸಾಹೇಬರಿಗೆ ಒಂದು ಸಂಗತಿ ನೆನಪಾಯಿತು. ಭೂಗೋಳದ ದಕ್ಷಿಣದ ಆ ನಾಡಿನಲ್ಲಿ ಜುಲೈ ಎಂದರೆ ನಡುಚಳಿಗಾಲ; ಆ ಚಳಿಯಲ್ಲಿ ಪಂಪಾ ಗ್ರಿಸ್ ಎಂದೂ ಹಸಿರನ್ನು ಕಂಡ ಊರಲ್ಲ.

ಹಾಗೆಂದು ಕೊಂಡ ಪರದೆಯನ್ನು ಮಡಿಚಿಡುವುದುಂಟೆ? ಸಾಹೇಬರು ಊರಿನ ಕೇಂದ್ರದ ಕಾವಲಿಗನಾದ ಎಲಿಸೆಯೊನನ್ನು ಕರೆಸಿದರು.

"ನೋಡು ಎಲಿಸೆಯೊ, ಅರಿಕಾಗೆ ವರ್ಗ ಬೇಕು ಅಂತ ಎಷ್ಟು ಸಲ ಅರ್ಜಿ ಹಾಕಿದೀಯ?"

"ಲೆಕ್ಕ ತಪ್ಪೋಗಿದೆ ಸಾಹೇಬ್ರೆ."

"ಅಲ್ಲೀಗ ಜಾಗ ಖಾಲಿ ಇದೆ. ನಾಳೆ ನನ್ನ ಪರದೆ ಹಸಿರಾದ್ರೆ ಅದು ನಿಂದು. ಆಗದೇ ಇದ್ರೆ ನಿನ್ನ ಅರ್ಜೀಲಿ ನಾನು ಮೀನು ಕಟ್ಟಿಸ್ಕೋತೀನಿ."

ಅರಿಕಾ ಎಂದರೆ ದೇಶದ ಉತ್ತರದ ತುದಿಯ ಬಂದರು. ಅಲ್ಲಿ ಚಳಿಯಿಲ್ಲ, ಆದ್ದರಿಂದ ಒಲೆಯಿಲ್ಲ, ಆದ್ದರಿಂದ ಹೊಗೆಯಿಲ್ಲ. ಎಲಿಸೆಯೊನ ಹೆಂಡತಿ ಮಿರೆಯಾ ಪಂಪಾ ಗ್ರಿಸ್‌ನ ಹೊಗೆಗೆ ಕೆಮ್ಮಿ ಕೆಮ್ಮಿ, ಕಡೆಗೆ ವೈದ್ಯರ ಮಾತಿನಂತೆ ಅರಿಕಾದ ತನ್ನ ತಂಗಿಯ ಮನೆ ಸೇರಿ ಎರಡು ಚಳಿಗಾಲ ಕಳೆದಿದ್ದವು. ಗಂಡ ಇಲ್ಲಿ ಹೊಗೆಯನ್ನು ಅಳೆಯುತ್ತ, ಒಬ್ಬನೇ ಆಲೂಗಡ್ಡೆ ಬೇಯಿಸಿಕೊಂಡು ತಿನ್ನುತ್ತಿದ್ದ. ಉಪ್ಪು ಹೆಚ್ಚಾದರೆ ಬಯ್ಯಲೂ ಮನೆಯಲ್ಲಿ ಯಾರಿರಲಿಲ್ಲ.

ಸಮ್ಮೇಳನದ ದಿನ ಬೆಳಗಾಗುತ್ತಲೇ ಅವನು ಬೀದಿಯ ನೆರೆಹೊರೆ ಸಂಘದ ಅಧ್ಯಕ್ಷೆ, ಎಲ್ಲರೂ ಗೌರವದಿಂದ ‘ದೋನ್ಯಾ’ ಎನ್ನುವ ಒರ್ತೆನ್ಸಿಯಾಳ ಬಾಗಿಲು ಬಡಿದ. ಕೇಂದ್ರವಿದ್ದದ್ದು ಆ ಬೀದಿಯ ತುದಿಯಲ್ಲೇ. ಯಂತ್ರವನ್ನು ಹೊತ್ತ ತಗಡಿನ ಗೂಡು, ಅದರ ಮೇಲೆ ಗಾಳಿ ಹೀರುವ ಕೊಳವೆ. ಬೀದಿಯವರು ಉಸಿರಾಡಿದ್ದನ್ನೇ ಅದೂ ಉಸಿರಾಡುತ್ತಿತ್ತು.

"ಒಲೆ ಆರಿಸ್ಬೇಕಾ?" ಎಂದಳು ದೋನ್ಯಾ ಒರ್ತೆನ್ಸಿಯಾ. "ಜ್ವರ ಗಿರ ಬಂದಿದ್ಯೇನೋ ನಿಂಗೆ? ನಮ್ಮಜ್ಜಿ ಸತ್ತ ದಿನಾನೂ ಈ ಮನೇಲಿ ಒಲೆ ಆರಿರ್ಲಿಲ್ಲ. ಮಾಟೆ ಕಷಾಯಕ್ಕೆ ನೀರು ಎಲ್ಲಿ ಕಾಯಿಸ್ಲಿ, ನಿನ್ನ ನೆತ್ತಿ ಮೇಲಾ?"

"ಒಂದೇ ದಿನ ದೋನ್ಯಾ. ದೇಶ ದೇಶದಿಂದ ವಿಜ್ಞಾನಿಗಳು ಬಂದಿದಾರೆ."

"ಯಾತರ ವಿಜ್ಞಾನಿಗಳು?"

"ಹೊಗೆ ವಿಜ್ಞಾನಿಗಳು."

"ಹೊಗೆ ನೋಡೋಕ್ ಬಂದೋರಿಗೆ ಹೊಗೆ ಇಲ್ದಂಗ್ ಮಾಡಿ ತೋರಿಸ್ತೀಯಾ? ಚೆನ್ನಾಗಿದೆ. ಕುರಿ ಕೊಳ್ಳೋಕ್ ಬಂದೋನಿಗೆ ಖಾಲಿ ದೊಡ್ಡಿ ತೋರಿಸ್ದಂಗೆ."

ಎಲಿಸೆಯೊ ವಾದಿಸಲಿಲ್ಲ. ವಾದಕ್ಕೆ ಬೇಕಾದ ಕಸುವು ಅವನಲ್ಲಿ ಹಿಂದಿನ ಚಳಿಗಾಲಕ್ಕೇ ತೀರಿತ್ತು. "ಮಿರೆಯಾ ಹತ್ರ ಹೋಗ್ಬಹುದು ಅಂತ," ಎಂದಷ್ಟೇ ಹೇಳಿ ಟೋಪಿಯನ್ನು ತಿರುವುತ್ತ ನಿಂತ.

ಮಿರೆಯಾಳ ಹೆಸರು ಕೇಳಿ ದೋನ್ಯಾ ಒರ್ತೆನ್ಸಿಯಾಳ ಮುಖ ಬೆಂದ ಕುಂಬಳದಂತೆ ಮೆತ್ತಗಾಯಿತು. "ಅದನ್ನ ಮೊದ್ಲೇ ಬೊಗಳೋಕೆ ಏನು? ಸರಿ, ಈ ಬೀದೀಲಿ ಇವತ್ತು ಒಂದೊಲೇನೂ ಹೊಗೆಯಾಡಲ್ಲ. ಅದಿರ್ಲಿ, ಆ ಜನ ನಮ್ ಬೀದಿಗೂ ಬರ್ತಾರಾ?"

"ಮಧ್ಯಾಹ್ನ ಕೇಂದ್ರ ನೋಡೋಕ್ ಬರ್ತಾರೆ."

"ಎಷ್ಟು ಮಂದಿ?"

"ನೂರರ ಹತ್ತಿರ."

ದೋನ್ಯಾ ಒರ್ತೆನ್ಸಿಯಾ ಏನೂ ಹೇಳಲಿಲ್ಲ. ಆ ಮೌನವನ್ನು ಎಲಿಸೆಯೊ ಒಪ್ಪಿಗೆ ಎಂದು ತಿಳಿದ. ದಣಿದವನು ಎಲ್ಲ ಮೌನವನ್ನೂ ಒಪ್ಪಿಗೆ ಎಂದೇ ತಿಳಿಯುತ್ತಾನೆ.

ಅಧ್ಯಕ್ಷೆಯ ಅಪ್ಪಣೆಯಾದರೂ ಮನೆಮನೆಯ ತಕರಾರು ತಪ್ಪಲಿಲ್ಲ. ಮುದುಕ ದೋನ್ ಸೆಲ್ಸೊ ತನ್ನ ಮಂಡಿಗಳನ್ನು ಮುಂದೆ ಚಾಚಿ, "ಇವಕ್ಕೆ ನೀನೇ ಹೇಳಪ್ಪ, ನನ್ ಮಾತು ಕೇಳಲ್ಲ," ಎಂದ. ಎಲಿಸೆಯೊ ಮಂಡಿಗಳಿಗೆ ತನ್ನ ಕಂಬಳಿ ಹೊದಿಸಿದ. ಎದುರು ಮನೆಯ ಬಾಣಂತಿಗೆ ತನ್ನ ಪೊಂಚೊ ಎಂಬ ಉಣ್ಣೆಯ ನಿಲುವಂಗಿ ಕೊಟ್ಟ. ಮೂಲೆಮನೆಯ ದರ್ಜಿಗೆ ಕೋಟು ಹೋಯಿತು, ದರ್ಜಿಯ ಅತ್ತೆಗೆ ಕೈಗವಸು ಹೋದವು. ಬೀದಿಯ ಒಲೆಗಳೆಲ್ಲ ಆರುವ ಹೊತ್ತಿಗೆ, ಉಣ್ಣೆ ಕತ್ತರಿಸಿಕೊಂಡ ಕುರಿಯಂತೆ ಅವನು ಬರೀ ಸ್ವೆಟರಿನಲ್ಲಿ ನಡುಗುತ್ತಿದ್ದ. ಆದರೆ ಅಂಕಿ ಇಳಿಯುತ್ತಿತ್ತು. ನೇರಳೆ ಕೆಂಪಾಯಿತು, ಕೆಂಪು ಹಳದಿಯಾಯಿತು.

ಹಳದಿಯಲ್ಲಿ ಅದು ಪಟ್ಟು ಹಿಡಿದು ಕುಳಿತಿತು.

ಫೋನು ಗುಣುಗುಟ್ಟಿತು. ಗಾಯಾರ್ದೊ ಸಾಹೇಬರು ಭಾಷಣದ ನಡುವೆ ಪಿಸುಗುಡುತ್ತಿದ್ದರು. "ಹಳದಿ, ಎಲಿಸೆಯೊ. ನಾನು ಕೇಳಿದ್ದು ಹಳದೀನಾ?"

"ಇಳೀತಿದೆ ಸಾಹೇಬ್ರೆ."

"ಪಕ್ಕದ ಊರಿನ ನೋರ್ಬೆರ್ತೊನ ಕೇಂದ್ರ ನೋಡು, ಬೆಳಗಿಂದ ಎಳೇ ಹುಲ್ಲಿನ ಹಾಗೆ ಹಸಿರಾಗಿದೆ. ಅವನೂ ನಿನ್ ಹಾಗೇ ಸಂಬಳ ತಗೊಳ್ಳೋನು."

ಎಲಿಸೆಯೊ ಬೀದಿಯ ಹಿಂದಿನ ದಿಬ್ಬ ಹತ್ತಿ ನೋಡಿದ. ಗಾಳಿ ಮಿಸುಕದ ದಿನ. ಚಳಿಯು ಕಣಿವೆಯ ಮೇಲೆ ಮುಚ್ಚಳ ಮುಚ್ಚಿದಂತಿತ್ತು. ಕೆಳಗಿನ ಹೊಳೆ ಮಂಜಿನಲ್ಲಿ ಮುಚ್ಚಿಹೋಗಿತ್ತು; ಬೀದಿಯ ಒಂದು ಚಿಮಣಿಯೂ ಹೊಗೆಯಾಡುತ್ತಿರಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ಅವನು ನಂಬಿದ್ದ. ಯಂತ್ರ ಮಾತ್ರ ನಂಬಿದಂತೆ ಕಾಣಲಿಲ್ಲ. ಇಳಿದು ಬಂದು ಬಾಗಿಲುಗಳನ್ನು ತಟ್ಟಿದ. ಯಾರೂ ತೆರೆಯಲಿಲ್ಲ. ಪಾಪ, ಎಲ್ಲರೂ ಹೊದ್ದು ಮಲಗಿರಬೇಕೆಂದು ಅವನ ಕಣ್ಣು ತೇವವಾಯಿತು.

ಅಷ್ಟರಲ್ಲಿ ನೋರ್ಬೆರ್ತೊನೇ ಫೋನು ಮಾಡಿದ.

"ಇನ್ನೂ ಮನೆ ಮನೆ ತಿರುಗ್ತಿದೀಯಾ? ಅಯ್ಯೋ ದಡ್ಡ. ಯಂತ್ರ ಸರಿಯಾಗಿದ್ಯಾ ನೋಡೋಕೆ ಒಂದು ಶುದ್ಧಿ ಡಬ್ಬಿ ಕೊಟ್ಟಿದಾರಲ್ಲ, ಅದನ್ನ ಕೊಳವೆ ಬಾಯಿಗೆ ಸಿಕ್ಕಿಸು. ಎಂಥ ಹೊಗೆ ಇದ್ರೂ ಒಳಗೆ ಹೋಗೋದು ಸೋಸಿದ ಗಾಳಿ. ನಾನು ನಿನ್ನೇನೇ ಸಿಕ್ಕಿಸಿ ಈಗ ಕಾಲು ಚಾಚ್ಕೊಂಡು ಕೂತಿದೀನಿ."

"ಅದು ಮೋಸ ಅಲ್ವೇನೋ?"

"ಮಿರೆಯಾ ಅಲ್ಲಿ, ನೀನಿಲ್ಲಿ. ಅದೇನು ನ್ಯಾಯಾನಾ?"

ಎಲಿಸೆಯೊ ಇಡೀ ಜೀವಮಾನದಲ್ಲಿ ಮೋಸ ಮಾಡಿದವನಲ್ಲ. ಅದಕ್ಕೆ ಕಾರಣ ಧರ್ಮವೋ ಸೋಮಾರಿತನವೋ ಎಂಬುದನ್ನು ಅವನು ವಿಚಾರಿಸಿಕೊಂಡಿರಲಿಲ್ಲ. ಈಗ ಡಬ್ಬಿಯನ್ನು ಜೇಬಿಗಿಳಿಸಿಕೊಂಡು, ಕಳ್ಳಬೆಕ್ಕಿನ ಹೆಜ್ಜೆಯಿಡುತ್ತ ಗೂಡಿನ ಹಿಂಬದಿಗೆ ಹೋದ. ಕೊಳವೆ ಮೇಲಿತ್ತು. ಅಲ್ಲಿಗೆ ಹತ್ತುವ ಏಣಿ ಮಾತ್ರ ಇರಲಿಲ್ಲ.

ಏಣಿಯನ್ನು ಹುಡುಕುತ್ತ ಬೀದಿಯ ತಿರುವಿಗೆ ಬಂದಾಗ ಏಣಿ ಕಂಡಿತು, ಏಣಿಯ ತುದಿಯಲ್ಲಿ ದೋನ್ಯಾ ಒರ್ತೆನ್ಸಿಯಾಳೂ ಕಂಡಳು. ಕಂಬದಿಂದ ಕಂಬಕ್ಕೆ ಬಣ್ಣದ ಕಾಗದದ ತೋರಣ ಕಟ್ಟುತ್ತಿದ್ದಳು.

"ಏಣಿ ಕೊಡಿ ದೋನ್ಯಾ, ಅವಸರ."

"ನಿಂಗೇನು ಅವಸರ? ಬರೋ ನೆಂಟರು ನನ್ ಬೀದಿಗೆ ಬರೋರು. ಕೆಳಗಡೆಯಿಂದ ಅವರು ಬರೋದಕ್ಕೆ ಮುಂಚೆ ತೋರಣ ಮುಗೀಬೇಕು."

"ಯಾರು ಕೆಳಗಡೆಯಿಂದ ಬರೋದು?"

ಉತ್ತರಕ್ಕೆ ಕಾಯಬೇಕಾಗಲಿಲ್ಲ. ಹೊಳೆಯ ದಂಡೆಯಿಂದ ಇಡೀ ಬೀದಿಯೇ ಮೆರವಣಿಗೆಯಾಗಿ ಏರಿ ಬರುತ್ತಿತ್ತು. ಮುಂದೆ ಮಂಡಿನೋವಿನ ದೋನ್ ಸೆಲ್ಸೊ, ಎಲಿಸೆಯೊನ ಕಂಬಳಿಯನ್ನು ರಾಜನಂತೆ ಹೊದ್ದುಕೊಂಡು. ಅವನ ಹಿಂದೆ ಸುಡುವುದಕ್ಕೆಂದು ಕಬ್ಬಿಣದ ಕಂಬಿಯ ಶಿಲುಬೆಗಳಿಗೆ ಕಟ್ಟಿದ, ಅರೆಬೆಂದ ಕುರಿಮರಿಗಳನ್ನು ಹೆಗಲ ಮೇಲೆ ಹೊತ್ತ ಗಂಡಸರು. ಅವರ ಹಿಂದೆ ಸಲಿಕೆಗಳಲ್ಲಿ ಕೆಂಡ ಹೊತ್ತ ಹೆಂಗಸರು. ಕಡೆಯಲ್ಲಿ ದರ್ಜಿ, ಎಲಿಸೆಯೊನ ಕೋಟು ತೊಟ್ಟು, ಹಸಿ ಸೌದೆಯ ಗಾಡಿ ತಳ್ಳುತ್ತಿದ್ದ. ಹಳದಿಯ ಗುಟ್ಟು ಎಲಿಸೆಯೊನಿಗೆ ಆಗ ಹೊಳೆಯಿತು. ಅವನು ಹೊದ್ದು ಮಲಗಿದ್ದಾರೆಂದು ಕಣ್ಣೀರಿಟ್ಟ ಜನ ಒಲೆ ಆರಿಸಿದಾಗಿನಿಂದಲೂ ಹೊಳೆಯ ದಂಡೆಯಲ್ಲಿ ಸಾಲು ಬೆಂಕಿ ಹಾಕಿಕೊಂಡು ಕುರಿ ಸುಡುತ್ತಿದ್ದರು.

"ದೋನ್ಯಾ," ಎಂದ ಎಲಿಸೆಯೊ, ಧ್ವನಿ ಏರಿಸುವ ತ್ರಾಣವೂ ಇಲ್ಲದೆ, "ಬೆಂಕಿ ಬೇಡ ಅಂದಿದ್ನಲ್ಲ."

"ಒಲೆ ಬೇಡ ಅಂದೆ. ಒಲೆ ಆರ್ಸಿದೀವಿ. ಇದು ಒಲೆನಾ? ಇದು ಮನೆ ಹೊರಗಿನ ಬೆಂಕಿ. ನೂರು ಜನ ಸಮುದ್ರ ದಾಟ್ಕೊಂಡು ಬರೋವಾಗ ಒಂದು ಕುರಿ ಸುಡದೆ ಬಾಯಿ ಬಾಯಿ ಬಿಟ್ಕೊಂಡು ನಿಂತ್ಕೊಳ್ಳೋಕೆ ನಾವೇನು ರಾಜಧಾನಿಯೋರಾ?"

"ಹೊಳೆ ಹತ್ರಾನೇ ಸುಡಬಹುದಿತ್ತಲ್ಲ."

"ನೆಂಟರನ್ನ ಕೆಸರಲ್ಲಿ ನಡೆಸ್ತಾರಾ? ಕೇಂದ್ರದ ಪಕ್ಕ ಬಯಲಿದೆ, ನಿಲ್ಸೋ ಸೆಲ್ಸೊ."

ಶಿಲುಬೆಗಳು ಗೂಡಿನ ಸುತ್ತ ಸಾಲಾಗಿ ನಾಟಿಕೊಂಡವು. ಕೆಂಡ ಸುರಿದು, ಮೇಲೆ ಹಸಿ ಸೌದೆ ಹೇರಿದರು. ಕುರಿಯ ಕೊಬ್ಬು ಕರಗಿ ತೊಟ್ಟಿಕ್ಕಿತು. ಎದ್ದ ಹೊಗೆ ಎತ್ತ ಹೋಗಬೇಕೆಂದು ತಿಳಿಯದೆ ಕೊಳವೆಯ ಬಾಯನ್ನೇ ತಬ್ಬಿತು. ಹಳದಿ ಕೆಂಪಾಯಿತು, ಕೆಂಪು ನೇರಳೆಯಾಯಿತು; ನೇರಳೆಯಾಚೆಗೆ ಬಣ್ಣ ಇಟ್ಟಿರಲಿಲ್ಲವಾಗಿ ಅಂಕಿ ಬರಿದೇ ಏರುತ್ತ ಹೋಯಿತು. ಎಲಿಸೆಯೊ ಒಂದು ಸೌದೆಯ ತುಂಡಿನ ಮೇಲೆ ಕುಳಿತುಬಿಟ್ಟ. ಅರಿಕಾ ಎಂಬ ಊರು ಭೂಪಟದಿಂದ ಮೆಲ್ಲಗೆ ಕಳಚಿ ಸಮುದ್ರಕ್ಕೆ ಬೀಳುವುದು ಅವನ ಕಣ್ಣಿಗೆ ಕಟ್ಟಿತು.

ಸಮ್ಮೇಳನದವರು ಬಂದರು. ಕೊರಳಿಗೆ ಹೆಸರಿನ ಪಟ್ಟಿ ಕಟ್ಟಿಕೊಂಡ ನೂರು ಮಂದಿ ಹೊಗೆಯೊಳಗೆ ಹೊಕ್ಕು ಕೆಮ್ಮಿದರು. ಗಾಯಾರ್ದೊ ಸಾಹೇಬರ ಮುಖವೂ ಪರದೆಯ ಎಲ್ಲ ಬಣ್ಣಗಳನ್ನು ದಾಟಿ ನೇರಳೆಗೆ ಬಂದು ನಿಂತಿತ್ತು. ಅವರು ಬಾಯಿ ತೆರೆಯುವಷ್ಟರಲ್ಲಿ, ಸಮ್ಮೇಳನದ ಅಧ್ಯಕ್ಷೆ, ಫಿನ್‌ಲೆಂಡಿನ ಪ್ರೊಫೆಸರ್ ತೂಲಿಕ್ಕಿ, ಮುಂದೆ ಬಂದು ಯಂತ್ರದ ಅಂಕಿಯನ್ನೂ ಕುರಿಗಳ ಸಾಲನ್ನೂ ನೋಡಿದರು. ಬಿಳಿಗೂದಲಿನ ಎತ್ತರದ ಹೆಂಗಸು. ಮಾತು ನಿಧಾನ, ಆದರೆ ಪ್ರತಿ ಪದವೂ ಸ್ಪಷ್ಟ.

"ಈ ಕೇಂದ್ರ ನೋಡ್ಕೊಳ್ಳೋರು ಯಾರು?"

"ನಾನಮ್ಮ," ಎಂದ ಎಲಿಸೆಯೊ, ಏಳದೆ.

"ಅಂಕಿ ನಿಜವಾದದ್ದಾ?"

"ನಿಮ್ಮ ಕಣ್ಣಿಗೆ ಉರೀತಿಲ್ವಾ?"

ಪ್ರೊಫೆಸರ್ ಕಣ್ಣೊರೆಸಿಕೊಂಡು ನಕ್ಕರು. "ಎಷ್ಟೋ ದೇಶದಲ್ಲಿ ಈ ಸಮ್ಮೇಳನ ನಡೆಸಿದೀವಿ. ನಾವು ಹೊಗೆ ನೋಡೋಕ್ ಹೋದ್ರೆ, ಹೋದ ಕಡೆಯೆಲ್ಲ ನಮಗೋಸ್ಕರ ಊರಿನ ಮುಖ ತೊಳ್ದು, ತಲೆ ಬಾಚಿ ನಿಲ್ಸಿರ್ತಾರೆ. ಇವತ್ತೂ ಅಷ್ಟೇ, ಪಕ್ಕದೂರಿನ ಕೇಂದ್ರದ್ದು ಬೆಳಗಿಂದ ಒಂದೇ ನೇರ ಗೆರೆ. ಹಿಮದ ಬಯಲಲ್ಲೂ ಗಾಳಿ ಅಷ್ಟು ನೇರ ಇರಲ್ಲ. ಯಾರೋ ಕೊಳವೆ ಬಾಯಿ ಮುಚ್ಚಿದಾರೆ. ಸುಳ್ಳು ಹೇಳದ ಕೇಂದ್ರ ನಾನು ನೋಡಿದ್ದು ಇದೊಂದೇ."

ಗಾಯಾರ್ದೊ ಸಾಹೇಬರು ಗಾಳಿ ಬೀಸಿದತ್ತ ತಿರುಗುವ ಛಾವಣಿಯ ತಗಡಿನ ಕೋಳಿಯಂತೆ ಒಮ್ಮೆಲೇ ತಿರುಗಿ, ಎಲಿಸೆಯೊನ ಹೆಗಲ ಮೇಲೆ ಕೈಯಿಟ್ಟರು. "ನಮ್ಮ ಹುಡುಗ, ಪ್ರೊಫೆಸರ್. ಮುಚ್ಚುಮರೆ ಮಾಡ್ಬೇಡ ಅಂತ ನಾನೇ ಹೇಳಿದ್ದೆ."

ಎಲಿಸೆಯೊನ ಎದೆಯಲ್ಲಿ ಅರಿಕಾ ಮತ್ತೆ ದಡಕ್ಕೆ ತೇಲಿ ಬಂದಿತು. ಅವನು ಎದ್ದು ನಿಂತ.

"ಇಲ್ಲೊಂದು ದೊಡ್ಡ ಪ್ರಯೋಗಾಲಯ ಕಟ್ತೀವಿ," ಎಂದರು ಪ್ರೊಫೆಸರ್ ತೂಲಿಕ್ಕಿ. "ಹತ್ತು ಚಳಿಗಾಲದ ಕೆಲಸ. ಷರತ್ತು ಒಂದೇ. ಇವರು ಇಲ್ಲಿಂದ ಕದಲಬಾರದು."

"ಕದಲಲ್ಲ," ಎಂದರು ಸಾಹೇಬರು.

ಇಲ್ಲಿಂದ ಬಿಡಿಸಿಕೊಳ್ಳಲು ಎಲಿಸೆಯೊನಿಗೆ ಉಳಿದದ್ದು ಒಂದೇ ದಾರಿ. ಜೇಬಿನಿಂದ ಶುದ್ಧಿ ಡಬ್ಬಿಯನ್ನು ತೆಗೆದು ಎತ್ತಿ ಹಿಡಿದ. "ಅಮ್ಮಾ, ನಾನೂ ಕಳ್ಳನೇ. ಇದನ್ನ ಸಿಕ್ಕಿಸೋಕ್ ಹೋಗಿದ್ದೆ. ಏಣಿ ಸಿಗಲಿಲ್ಲ, ಅಷ್ಟೇ."

ನೂರು ವಿಜ್ಞಾನಿಗಳೂ ಕೆಮ್ಮುತ್ತಲೇ ಚಪ್ಪಾಳೆ ತಟ್ಟಿದರು. ಪ್ರೊಫೆಸರ್ ಗದ್ಗದರಾದರು. "ಮಾಡದ ತಪ್ಪನ್ನೂ ಒಪ್ಪಿಕೊಳ್ಳೋ ಮನುಷ್ಯ. ಹತ್ತಲ್ಲ ಗಾಯಾರ್ದೊ, ಹದಿನೈದು ಚಳಿಗಾಲ ಅಂತ ಬರ್ಕೊಳ್ಳಿ."

ಊಟವಾಯಿತು. ದೋನ್ಯಾ ಒರ್ತೆನ್ಸಿಯಾ ವಿಜ್ಞಾನಿಗಳ ತಟ್ಟೆಗೆ ಪಕ್ಕೆಲುಬುಗಳನ್ನು ರಾಶಿ ಹಾಕುತ್ತ, ಬೇಡವೆಂದವರನ್ನು ಗದರಿಸುತ್ತ ಓಡಾಡಿದಳು. ಎಲಿಸೆಯೊ ಸಾಹೇಬರನ್ನು ಒಂದು ಪಕ್ಕಕ್ಕೆ ಕರೆದ.

"ಅರಿಕಾ ಕತೆ ಏನಾಯ್ತು ಸಾಹೇಬ್ರೆ?"

"ಅದರ ಯೋಚ್ನೆ ನಿಂಗ್ಯಾಕೆ? ಜಾಗ ತುಂಬಿ ಆಯ್ತು." ಸಾಹೇಬರು ಎಲುಬನ್ನು ಚೀಪಿ ಬಿಸಾಡಿದರು. "ಆ ನೋರ್ಬೆರ್ತೊ ನನ್ನ ಮಾನ ಕಳ್ದ. ಮೋಸಗಾರನಿಗೆ ತಕ್ಕ ಶಿಕ್ಷೆ ಆಗ್ಲೇಬೇಕು ಅಂತ ಪ್ರೊಫೆಸರ್ ಹಟ ಹಿಡಿದ್ರು. ಹೊಗೇನೇ ಇಲ್ಲದ ಊರಿಗೆ ಎತ್ತಿ ಹಾಕಿದೀನಿ. ಅಲ್ಲಿ ಮುಚ್ಚೋದಕ್ಕೆ ಏನಿರತ್ತೆ?"

ಸಂಜೆ ಬೀದಿಯ ಒಲೆಗಳೆಲ್ಲ ಮತ್ತೆ ಹೊತ್ತಿಕೊಂಡವು. ಎಲಿಸೆಯೊ ತಣ್ಣಗಿನ ಮನೆಯಲ್ಲಿ ಕುಳಿತಿರುವಾಗ ಫೋನು ಬಂದಿತು. ನೋರ್ಬೆರ್ತೊ ಅಳುತ್ತಿದ್ದ.

"ಕೇಳಿದ್ಯಾ ನನ್ ಗತಿ? ಅರಿಕಾಗೆ ಹಾಕ್ಬಿಟ್ರು. ವರ್ಷ ಪೂರ್ತಿ ಬಿಸಿಲಂತೆ. ನನ್ನ ಉಣ್ಣೆ ಬಟ್ಟೆ ಏನ್ಮಾಡ್ಲಿ? ಅಲ್ಲಿ ನಂಗೆ ಗುರುತಿನೋರು ಒಬ್ರೂ ಇಲ್ಲ, ನಿನ್ನ ಮಿರೆಯಾನ ಬಿಟ್ರೆ."

ಎಲಿಸೆಯೊ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

"ಅವಳ ವಿಳಾಸ ಕೊಡ್ತೀಯಾ? ಏನಾದ್ರೂ ತಲುಪಿಸೋದಿದ್ರೆ ಹೇಳು, ತಗೊಂಡ್ ಹೋಗ್ತೀನಿ."

ಎಲಿಸೆಯೊ ಎದ್ದು ಹೋಗಿ ಅಡುಗೆಮನೆಯ ಪಾತ್ರೆಯ ಮುಚ್ಚಳ ತೆರೆದು ನೋಡಿದ.

"ಒಂದು ಕುರಿ ತೊಡೆ ಉಳಿದಿದೆ," ಎಂದ ಕಡೆಗೆ. "ದಾರೀಲಿ ತಿಂದ್ಬಿಡಬೇಡ."