ಮೇಷ್ಟ್ರ ಹಾಡಿನ 'ಸ'

ಆ ದಿನದ ಅನಾಹುತಕ್ಕೆಲ್ಲ ಕಾರಣ ಒಂದೇ ಒಂದು ಅಕ್ಷರ. ಅದೂ ನಾಲಿಗೆ ತಿರುಗದ ದೊಡ್ಡ ಒತ್ತಕ್ಷರವೇನಲ್ಲ, ಒಂದನೇ ತರಗತಿಯ ಮಕ್ಕಳೂ ಬರೆಯುವ 'ಸ'.

ಹಾಡು ಮೇಷ್ಟ್ರದು. ಮೇಷ್ಟ್ರು ಅಂದರೆ ಧಣಿಗೆ ಹೆಣ್ಣು ಕೊಟ್ಟ ಮಾವ. ಧಣಿ ಅಂದರೆ ರೆಕಾರ್ಡಿಂಗ್ ಸ್ಟುಡಿಯೋದ ಮಾಲೀಕ. ಆ ಸ್ಟುಡಿಯೋದ ಹಿಂಭಾಗದ ಕಿಟಕಿಯಿಲ್ಲದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತು, ಬೇರೆಯವರು ಹಾಡಿದ ಹಾಡಿಗೆ ಕೊನೆಯ ತಿದ್ದುಪಡಿ ಮಾಡಿ ಕಳಿಸುವವನೇ ನಮ್ಮ ಸದ್ದಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದು ಈಗ ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿದೆ. "ಸೊಳ್ಳೆ ಆಕಳಿಸಿದ್ರೂ ನಂಗೆ ಕೇಳ್ಸುತ್ತೆ" ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ. "ನಾನು ಅಡುಗೆಮನೆಯಿಂದ ಮೂರು ಸಲ ಕೂಗಿದ್ರೂ ಕೇಳ್ಸಲ್ಲ" ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಎರಡೂ ನಿಜವೇ ಇರಬೇಕು.

ಬೆಳಗ್ಗೆ ಒಂಬತ್ತಕ್ಕೆ ಧಣಿ ಬಾಗಿಲಲ್ಲೇ ನಿಂತು ಹೇಳಿದರು.

"ನೋಡಯ್ಯಾ, ಸಾಯಂಕಾಲ ಐದಕ್ಕೆ ಮಾವ ಬಂದು ಕೇಳ್ತಾರೆ. ಒಪ್ಪಿದ್ರೆ ಉಳಿದ ಹನ್ನೊಂದು ಹಾಡೂ ನಿಂದೇ. ಒಪ್ಪಲಿಲ್ಲ ಅನ್ನು..."

"ಒಪ್ಪಲಿಲ್ಲ ಅಂದ್ರೆ, ಧಣಿ?"

"ಈಗೇನೋ ಕಂಪ್ಯೂಟರ್ರೇ ತಾನಾಗಿ ತಿದ್ದುತ್ತಂತಲ್ಲ. ಹಾಡು ಹಾಕಿ ಟೀ ಕುಡಿದು ಬರೋಷ್ಟರಲ್ಲಿ ರೆಡಿಯಂತೆ. ನೀನಾದ್ರೆ ಟೀನೂ ಕುಡೀತೀಯ, ರೆಡೀನೂ ಆಗಲ್ಲ. ನಾಳೆಯಿಂದ ಅದನ್ನೇ ತರಿಸ್ತೀನಿ. ಆಮೇಲೆ ನಿನ್ನ ದಾರಿ ನಿಂಗೆ."

ಸದ್ದಪ್ಪ ಲೆಕ್ಕ ಹಾಕಿದ. ವಯಸ್ಸು ನಲವತ್ತೆಂಟು. ಗೊತ್ತಿರುವುದು ಇದೊಂದೇ ಕೆಲಸ. ಇದು ಹೋದರೆ ಈ ಕಿವಿಗಳನ್ನು ಇಟ್ಟುಕೊಂಡು ಏನು ಮಾಡುವುದು? ಕನ್ನಡಕ ಸಿಕ್ಕಿಸಿಕೊಳ್ಳಬಹುದು, ಅಷ್ಟೇ.

ಹಾಡು ಹಾಕಿದ. ಬರೆದವರೂ ಮೇಷ್ಟ್ರೇ, ಹಾಡಿದವರೂ ಮೇಷ್ಟ್ರೇ.

"ಸಂಜೆ ಸುಳಿದ ಸಣ್ಣ ಸೋನೆ, ಸುಮ್ಮನಿರಲು ಸೋತೆನೇ..."

ಒಂದೊಂದು 'ಸ'ವೂ ಕುಕ್ಕರ್ ಸೀಟಿಯ ಹಾಗೆ ಕಿವಿಗೆ ಹೊಡೆಯಿತು. ಇಡೀ ವರ್ಣಮಾಲೆಯಲ್ಲಿ ಈ ಪುಣ್ಯಾತ್ಮನಿಗೆ ಬೇರೆ ಅಕ್ಷರವೇ ಸಿಗಲಿಲ್ಲವೇ ಎಂದು ಸದ್ದಪ್ಪ ಹಲ್ಲು ಕಡಿದ. ಉಳಿದ ಹನ್ನೊಂದರ ಸಾಹಿತ್ಯವೂ ಮೇಜಿನ ಮೇಲಿತ್ತು. ಕಣ್ಣಾಡಿಸಿದ. ಅಲ್ಲೂ ಅದೇ ಗತಿ.

ಅವನ ಕೈಯಲ್ಲಿದ್ದ ಆಯುಧ ಎರಡು, ಎರಡೂ ಕಂಪ್ಯೂಟರ್ ಪರದೆಯ ಮೇಲೆ. ಒಂದು ಕಂಪ್ರೆಸರ್. ಜೋರಾದ ದನಿಯನ್ನು ತಗ್ಗಿಸಿ, ಮೆಲುದನಿಯನ್ನು ಎತ್ತಿ ಹಿಡಿಯುವುದು ಅದರ ಕೆಲಸ. ಮನೆಯಲ್ಲಿ ಗಲಾಟೆ ಮಾಡುವ ಮಗುವನ್ನು ಗದರಿ, ನಾಚಿಕೊಂಡು ಕೂತ ಮಗುವನ್ನು ಮುಂದೆ ತಳ್ಳುತ್ತಾರಲ್ಲ, ಹಾಗೆ. ಇನ್ನೊಂದು ಡಿ-ಎಸ್ಸರ್. ಅದಕ್ಕೆ ಬೇರೆ ಯಾರ ಗೊಡವೆಯೂ ಇಲ್ಲ. ಹಾಡಿನ ತುಂಬ ಹುಡುಕಿ 'ಸ' ಸಿಕ್ಕಿದಲ್ಲಿ ಮಾತ್ರ ಕಿವಿ ಹಿಂಡುತ್ತದೆ. ಎರಡಕ್ಕೂ ಸೇರಿ ಒಂದು ಬೈಪಾಸ್ ಬಟನ್ ಇತ್ತು. ಅದನ್ನು ಒತ್ತಿದರೆ ಹಾಡು ಈ ಎರಡರ ಒಳಗೂ ನುಗ್ಗದೆ, ಊರಾಚೆಯ ರಸ್ತೆ ಹಿಡಿದ ಲಾರಿಯಂತೆ, ಇದ್ದದ್ದು ಇದ್ದ ಹಾಗೆ ಹೊರಗೆ ಬರುತ್ತದೆ. ತಿದ್ದುವ ಮುಂಚೆ ಹೇಗಿತ್ತು, ತಿದ್ದಿದ ಮೇಲೆ ಹೇಗಾಯಿತು ಎಂದು ಹೋಲಿಸಿ ನೋಡಲು ಸದ್ದಪ್ಪ ಅದನ್ನು ದಿನಕ್ಕೆ ನೂರು ಸಲ ಒತ್ತುತ್ತಿದ್ದ.

ಮೊದಲು ಕಂಪ್ರೆಸರ್‌ಗೆ ಕೈ ಹಾಕಿದ. ಮೇಷ್ಟ್ರ ದನಿ ಕೊನೆಗೆ ಬರುವಷ್ಟರಲ್ಲಿ ಸೊರಗುತ್ತಿತ್ತು, ಅದನ್ನು ಎತ್ತಿದ. ದನಿ ಎದ್ದಿತು. ಜೊತೆಗೆ ಮೇಷ್ಟ್ರ ಏದುಸಿರು ಎದ್ದಿತು, ಕುರ್ಚಿಯ ಕಿರಕಿರ ಎದ್ದಿತು, ಪ್ರತಿ ಸಾಲಿನ ಕೊನೆಗೂ 'ಕಟಕ್' ಎಂದು ಏನೋ ಬಡಿದುಕೊಂಡಿತು.

ಕೆಳಗಿನ ಅಂಗಡಿಯ ಟೈಲರ್ ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದ.

"ಏನ್ರೀ ಸದ್ದಪ್ಪಣ್ಣ, ಮೇಲೆ ಯಾರೋ ಕತ್ತರಿ ಆಡಿಸ್ತಿದಾರೆ? ಹೊಸ ಟೈಲರ್ ಗೀಲರ್ ಇಟ್ಕೊಂಡ್ರಾ ಅಂತ ಎದೆ ಧಸಕ್ ಅಂತು."

"ಕತ್ತರಿ ಅಲ್ಲಪ್ಪ, ಮೇಷ್ಟ್ರ ಹಲ್ಲು. ಕಟ್ಟಿಸಿದ ಹಲ್ಲು."

"ಹಲ್ಲಾ! ನನ್ನ ಕತ್ತರಿಗಿಂತ ಚೆನ್ನಾಗಿ ಕತ್ತರಿಸ್ತಿದೆಯಲ್ರೀ" ಎಂದು ಟೈಲರ್ ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟ. ಬಿಟ್ಟಿ ಹಾಡು, ಮೇಲೆ ಫ್ಯಾನ್ ಗಾಳಿ, ಯಾರಿಗೆ ಬೇಡ?

ಕಂಪ್ರೆಸರನ್ನು ಇಳಿಸಿ ಸದ್ದಪ್ಪ ಡಿ-ಎಸ್ಸರ್ ಹಿಡಿದ. 'ಸ'ದ ಮೇಲಿದ್ದ ಸಿಟ್ಟನ್ನೆಲ್ಲ ಸೇರಿಸಿ ಒಂದೇ ಸಲಕ್ಕೆ ತಿರುಗಿಸಿದ. ಅಷ್ಟರಲ್ಲಿ ಧಣಿಯ ಹೆಂಡತಿ ಗಂಡನಿಗೆ ಊಟದ ಡಬ್ಬಿ ತಂದವರು, ಅಪ್ಪನ ದನಿ ಕೇಳಿ ಒಳಗೆ ಬಂದರು.

"ಥಂಜೆ ಥುಳಿದ ಥಣ್ಣ ಥೋನೆ..."

ಅಮ್ಮಾವ್ರ ಮುಖ ಕೆಂಪಾಯಿತು. "ಏನಿದು? ನಮ್ಮಪ್ಪ ತೊದಲ್ತಾರಾ? ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದೋರು ಅವರು! ಅವರಿಗೇ ಅಕ್ಷರ ಬರದ ಹಾಗೆ ಮಾಡಿದೀರಲ್ಲ!"

"ಇಲ್ಲಮ್ಮಾವ್ರೇ, ಸ್ವಲ್ಪ ಜಾಸ್ತಿ ತಿರುಗಿಸಿಬಿಟ್ಟೆ..."

"ಮೊದಲು ಹೆಂಗಿತ್ತು ಅದನ್ನ ಹಾಕಿ."

ಸದ್ದಪ್ಪ ಬೈಪಾಸ್ ಬಟನ್ ಒತ್ತಿದ. 'ಸ' ಮತ್ತೆ ಸೀಟಿ ಹೊಡೆಯಿತು. ಅದೇ ಗಳಿಗೆಗೆ ಬಾಗಿಲು ಧಡಾರನೆ ತೆರೆಯಿತು. ಪಕ್ಕದ ಕ್ಲಿನಿಕ್ಕಿನ ಹಲ್ಲಿನ ಡಾಕ್ಟರು, ಬಾಯಿಗೆ ಕಟ್ಟಿದ ಬಟ್ಟೆ ಕುತ್ತಿಗೆಗೆ ಇಳಿದಿದೆ, ಕೈಯಲ್ಲಿ ಸಣ್ಣ ಕನ್ನಡಿ ಹಾಗೇ ಇದೆ.

"ಯಾರ್ರೀ ಅದು ಗೋಡೆಯಾಚೆ ಸುಂಯ್ ಅನ್ನಿಸ್ತಿರೋದು? ನಾನು ಡ್ರಿಲ್ ಶುರು ಮಾಡಿದೀನಿ ಅಂತ ಹೊರಗೆ ಕೂತಿದ್ದ ಮೂರು ಜನ ಎದ್ದು ಓಡಿದ್ರು!"

"ಅಪ್ಪನ ಹಾಡು ಡಾಕ್ಟ್ರೇ" ಎಂದರು ಅಮ್ಮಾವ್ರು.

ಡಾಕ್ಟರ ಮುಖ ಅರಳಿತು. "ಮೇಷ್ಟ್ರದಾ! ಹಾಗಾದ್ರೆ ಆ ಹಲ್ಲು ನಾನೇ ಕಟ್ಟಿದ್ದು. ಆಹಾ, ಆ 'ಸ' ನೋಡಿ, ಗಾಜಿನ ಮೇಲೆ ಗೀರಿದ ಹಾಗಿದೆ! ಯಾರಾದ್ರೂ ಅದ್ರಲ್ಲಿ ದೋಷ ಅಂದ್ರೆ ನಾನು ಸುಮ್ನಿರಲ್ಲ." ಹೀಗೆಂದು ಸದ್ದಪ್ಪನ ಕಡೆ ಎಂಥ ನೋಟ ಬೀರಿದರೆಂದರೆ, ಅವನು ಸಮಾಧಾನ ಹೇಳುವ ಗಡಿಬಿಡಿಯಲ್ಲಿ ಬಟನ್ನಿನ ವಿಷಯವನ್ನೇ ಮರೆತ. ಈ ಮರೆವು ನೆನಪಿರಲಿ.

ಆಮೇಲೆ ಶುರುವಾಯಿತು ನೋಡಿ ಪಂಚಾಯ್ತಿ. ಡಾಕ್ಟರಿಗೆ ರೋಗಿಗಳಿಲ್ಲ, ಓಡಿಹೋಗಿದ್ದಾರೆ. ಟೈಲರಿಗೆ ಗಿರಾಕಿಗಳಿಲ್ಲ, ಇದ್ದರೂ ಅವನಿಗೆ ಗೊತ್ತಿಲ್ಲ. ಊಟ ಮುಗಿಸಿ ಧಣಿಯೂ ಬಂದು ಸೋಫಾದಲ್ಲಿ ಒರಗಿದರು. ಮಧ್ಯಾಹ್ನ ಹನ್ನೆರಡೂವರೆಯಿಂದ ನಾಲ್ಕರವರೆಗೆ ಸದ್ದಪ್ಪ ಕೂದಲೆಳೆಯಷ್ಟು ತಿರುಗಿಸುವುದು, ನಾಲ್ವರೂ ತೀರ್ಪು ಕೊಡುವುದು.

"ಈಗ ಕೆಟ್ಟಿತು. ಹಿಂದಿಂದೇ ವಾಸಿ" ಎಂದರು ಅಮ್ಮಾವ್ರು.

"ಇಲ್ಲ ಇಲ್ಲ, ಈಗ ಮೈ ತುಂಬಿಕೊಳ್ತು. ತೋಳಿನ ಹತ್ರ ಒಂಚೂರು ಸಡಿಲ" ಎಂದ ಟೈಲರ್.

"ಎಡಗಡೆ ದವಡೆ ಸ್ವಲ್ಪ ಮಂಕಾಯ್ತಲ್ವಾ?" ಎಂದರು ಡಾಕ್ಟರು.

"ಅಯ್ಯೋ, ನೀನು ಅರ್ಧ ತಿರುಗಿಸಿದ್ಯಲ್ಲ, ಅದರಲ್ಲಿ ಅರ್ಧ ತಿರುಗಿಸು" ಎಂದರು ಧಣಿ.

ಸದ್ದಪ್ಪ ತಿರುಗಿಸಿದ. ಹೆಡ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ ಕೇಳಿದ. ಹೌದು, ಅವನಿಗೂ ವ್ಯತ್ಯಾಸ ಕೇಳಿಸಿತು. ಒಮ್ಮೆ ದನಿ ಬೆಣ್ಣೆಯಾಯಿತು, ಒಮ್ಮೆ ಮೊಂಡಾಯಿತು, ಒಮ್ಮೆ ಹೊಳೆಯಿತು. ನಾಲ್ಕು ಗಂಟೆಗೆ ಎಳ್ಳುಕಾಳಿನಷ್ಟು ಹಿಂದಕ್ಕೆ ಸರಿಸಿದಾಗ ಧಣಿ ತೊಡೆ ತಟ್ಟಿದರು.

"ಇದು! ಇದೇ! ಮುಟ್ಟಬೇಡ!"

ಹುಟ್ಟಿದಾಗಿನಿಂದ ಒಂದು ಮಾತಿಗೂ ಒಪ್ಪದ ಹಾಗಿದ್ದ ನಾಲ್ವರೂ ಒಪ್ಪಿದರು. ಅಮ್ಮಾವ್ರು ಕಣ್ಣೊರೆಸಿಕೊಂಡರು. ಎಲ್ಲರೂ ಟೀ ಕುಡಿಯಲು ಕೆಳಗೆ ಇಳಿದರು.

ಸದ್ದಪ್ಪ ಒಬ್ಬನೇ ಉಳಿದ. ಬೆನ್ನು ನೆಟ್ಟಗೆ ಮಾಡಿ, ಪರದೆಯನ್ನು ತೃಪ್ತಿಯಿಂದ ನೋಡಿದ. ನೋಡಿದವನು ಹಾಗೇ ಕಲ್ಲಾದ. ಹಾಡು ಓಡುತ್ತಿದೆ, 'ಸ' ಎಷ್ಟು ತಗ್ಗಿತೆಂದು ತೋರಿಸುವ ಡಿ-ಎಸ್ಸರ್‌ನ ಮುಳ್ಳು ಮಾತ್ರ ಅಲುಗಾಡುತ್ತಿಲ್ಲ. ಕಂಪ್ರೆಸರ್‌ನದೂ ಇಲ್ಲ. ಮೂಲೆಯಲ್ಲಿ ಬೈಪಾಸ್ ಬಟನ್ ಹಳದಿಯಾಗಿ ಮಿನುಗುತ್ತ ಇವನನ್ನೇ ನೋಡುತ್ತಿತ್ತು.

ಹನ್ನೆರಡೂವರೆಯಿಂದ. ಅಂದರೆ ಮೂರೂವರೆ ಗಂಟೆ ಕಾಲ ಅವನು ತಿರುಗಿಸಿದ್ದೆಲ್ಲ ಎಲ್ಲಿಗೂ ತಗುಲಿರಲಿಲ್ಲ. ಕೇಳಿದ್ದೆಲ್ಲ ಮೇಷ್ಟ್ರು ಹಾಡಿದ ಹಸಿ ಹಾಡು, ಮೊದಲಿಂದ ಕೊನೆವರೆಗೂ ಒಂದೇ.

ಆ ನಾಲ್ವರಿಗೆ ವ್ಯತ್ಯಾಸ ಕೇಳಿಸಿದ್ದಕ್ಕೆ ಅವನಿಗೆ ದುಃಖವಿಲ್ಲ. ದವಡೆ, ತೋಳು ಅನ್ನುವವರ ಕಿವಿಯ ಮೇಲೆ ಯಾರಿಗೆ ನಂಬಿಕೆ? ಆದರೆ ತನಗೂ ಕೇಳಿಸಿತಲ್ಲ! ಬೆಣ್ಣೆಯಾಯಿತು ಎಂದು ಕೇಳಿಸಿತಲ್ಲ! ಇಪ್ಪತ್ತೆರಡು ವರ್ಷದ ಕಿವಿ! ಇಷ್ಟು ವರ್ಷ ತಿದ್ದಿದ್ದೆಲ್ಲ ಹೀಗೇ ಇತ್ತೇ ಎಂದು ಅವನಿಗೆ ಅಳು ಬಂತು. ತಲೆಯ ಮೇಲೆ ಕೈ ಹೊತ್ತು ಕೂತ. ಹೊತ್ತದ್ದು ಹೆಡ್‌ಫೋನಿನ ಮೇಲೇ, ಅದನ್ನು ತೆಗೆಯುವಷ್ಟು ಶಕ್ತಿಯೂ ಇರಲಿಲ್ಲ.

ಗಂಟೆ ನಾಲ್ಕೂಕಾಲು. ಈಗೇನು ಮಾಡುವುದು? ಎಲ್ಲರೂ ಒಪ್ಪಿದ್ದಾರೆ. ಬಾಯಿ ಮುಚ್ಚಿಕೊಂಡು ಹೀಗೇ ಬಿಟ್ಟರೆ ಬದುಕಿದ. ಜಾಣನಾಗಿದ್ದರೆ ಅಷ್ಟೇ ಮಾಡುತ್ತಿದ್ದ. ಆದರೆ ಆ 'ಸ' ಇನ್ನೂ ಕಿವಿಗೆ ಸೂಜಿ ಚುಚ್ಚುತ್ತಿತ್ತು. "ಥೂ, ಹೋಗೋದೇ ಆದ್ರೆ ಒಂದಾದ್ರೂ ನೆಟ್ಟಗೆ ಮಾಡಿ ಹೋಗ್ತೀನಿ" ಎಂದು ಬೈಪಾಸ್ ತೆಗೆದ.

ಆ ಮುಕ್ಕಾಲು ಗಂಟೆ ಸದ್ದಪ್ಪ ಮಾಡಿದ್ದು ಕೆಲಸ. ಒಂದೊಂದು 'ಸ'ವನ್ನೂ ತೊದಲದಂತೆ, ಚುಚ್ಚದಂತೆ, ತಲೆ ನೇವರಿಸಿ ಕೂರಿಸಿದ. ದನಿಯ ಏರಿಳಿತವನ್ನು ಹದಕ್ಕೆ ತಂದ. ಹಲ್ಲಿನ 'ಕಟಕ್' ಕೇಳದಷ್ಟು ಅಡಗಿತು. ಪ್ರತಿ ತಿರುವಿಗೂ ಮುಳ್ಳು ಅಲುಗಾಡುವುದನ್ನು ಕಣ್ಣಾರೆ ಕಂಡ, ಕಿವಿಯನ್ನು ನಂಬಲಿಲ್ಲ. ಕೊನೆಗೆ ಕೇಳಿದಾಗ, ಬೆಳಗ್ಗೆಯಿಂದ ಮೊದಲ ಸಲ, ಎದೆ ಹಗುರಾಯಿತು.

ಐದಕ್ಕೆ ಸರಿಯಾಗಿ ಮೇಷ್ಟ್ರು ಬಂದರು. ಬಿಳಿ ಪಂಚೆ, ಕೈಯಲ್ಲಿ ಕೊಡೆ, ಬಾಯಿ ತುಂಬ ಥಳಥಳಿಸುವ ಹಲ್ಲು. ಹಿಂದೆ ಧಣಿ, ಅಮ್ಮಾವ್ರು, ಡಾಕ್ಟರು, ಟೈಲರ್.

"ಕೇಳಿ ಮಾವ, ಬೆಳಗ್ಗಿಂದ ನಾನೇ ಕೂತು ಮಾಡಿಸಿದೀನಿ" ಎಂದರು ಧಣಿ.

ಹಾಡು ಹರಿಯಿತು. ನಿಜಕ್ಕೂ ಚೆನ್ನಾಗಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ. ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು. ಗೆದ್ದೆ ಎಂದುಕೊಂಡ ಸದ್ದಪ್ಪ.

"ನನ್ನ ಹಲ್ಲೆಲ್ಲಿ?" ಎಂದರು ಮೇಷ್ಟ್ರು.

ಧಣಿ ಬಗ್ಗಿ ಮಾವನ ಬಾಯಿ ನೋಡಿದರು. ಹಲ್ಲು ಅಲ್ಲೇ ಇತ್ತು.

"ಎಂಟು ವರ್ಷ ಬೋಳು ಬಾಯಲ್ಲಿ ಕೂತಿದ್ದೆ ಕಣಪ್ಪ. 'ಸ' ಅಂದ್ರೆ ಗಾಳಿ ಬರೋದು. ಮಕ್ಕಳು ನಗ್ತಾರೆ ಅಂತ ಹಾಡೋದನ್ನೇ ಬಿಟ್ಟಿದ್ದೆ. ಹಲ್ಲು ಕಟ್ಟಿಸಿದ ದಿನ ಕನ್ನಡಿ ಮುಂದೆ ನಿಂತು ಇಡೀ ದಿನ 'ಸ' ಅಂದಿದೀನಿ. ಅದಕ್ಕೇ ಹನ್ನೆರಡು ಹಾಡು ಬರೆದದ್ದು, ಸಾಲು ಸಾಲಿಗೂ 'ಸ' ಇಟ್ಟು. ಈಗ ಕೇಳಿದ್ರೆ ಮತ್ತೆ ಬೋಳು ಬಾಯಿ ಥರಾನೇ ಮೆತ್ತಗಿದೆಯಲ್ಲೋ..."

ಡಾಕ್ಟರು ಹೌಹಾರಿದರು. "ನಾನು ಹೇಳಿರಲಿಲ್ವಾ? ನನ್ನ ಕೆಲಸಾನೆಲ್ಲ ಉಜ್ಜಿ ಹಾಕಿದಾನೆ!"

"ನಾಲ್ಕು ಗಂಟೆಗೆ ಸರಿಯಾಗಿತ್ತಲ್ಲೋ!" ಧಣಿ ಗುಡುಗಿದರು. "ಮುಟ್ಟಬೇಡ ಅಂದಿರಲಿಲ್ವಾ? ಏನು ಮಾಡ್ದೆ ಪಾಪಿ?"

ಸದ್ದಪ್ಪ ಕುರ್ಚಿಯನ್ನು ಪರದೆಯತ್ತ ಎಳೆದುಕೊಂಡ. ಬೇರೆ ದಾರಿಯಿಲ್ಲದೆ ಬೈಪಾಸ್ ಬಟನ್ ಒತ್ತಿ, ಹಾಡನ್ನು ಮತ್ತೆ ಮೊದಲಿಂದ ಹಾಕಿದ. 'ಸ' ಸೀಟಿ ಹೊಡೆಯಿತು. ಟೇಬಲ್ಲಿನ ಮೇಲಿದ್ದ ಲೋಟ ಕೂಡ ಜುಮ್ಮೆಂದಿತು.

"ಹಾಂ!" ಮೇಷ್ಟ್ರು ಎದ್ದು ನಿಂತರು. "ಇದು! ಇದು ನನ್ನ ಬಾಯಿ!" ಸದ್ದಪ್ಪನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ನಿನ್ನ ಕೈಯಲ್ಲಿ ಏನೋ ಇದೆಯಪ್ಪ." ಆಮೇಲೆ ಡಾಕ್ಟರನ್ನು ತಬ್ಬಿಕೊಂಡರು. ಹಾಡಿನ ಕವರಿನ ಮೇಲೆ ಡಾಕ್ಟರ ಹೆಸರು ದೊಡ್ಡದಾಗಿ ಹಾಕಿಸಬೇಕೆಂದು ಅಲ್ಲೇ ತೀರ್ಮಾನವಾಯಿತು.

ಎಲ್ಲರೂ ಹೊರಗೆ ಹೋದರು. ಧಣಿ ಮಾತ್ರ ನಿಂತರು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಕೇಳಿದರು.

"ಈಗ ಏನು ಮಾಡ್ದೆ?"

"ಈ ಬಟನ್ ಒತ್ತಿದೆ, ಧಣಿ."

"ಇದೊಂದೇನಾ?"

"ಇದೊಂದೇ."

ಧಣಿ ತಾವೇ ಒತ್ತಿದರು. 'ಸ' ಮೆತ್ತಗಾಯಿತು. ಮತ್ತೆ ಒತ್ತಿದರು. 'ಸ' ಸೀಟಿ ಹೊಡೆಯಿತು. ಮುಖದಲ್ಲಿ ನಗು ಹರಡಿತು.

"ಅಲ್ಲಯ್ಯಾ, ಇಷ್ಟಕ್ಕೆ ನೀನು ಬೆಳಗ್ಗಿಂದ ಬೆವರು ಸುರಿಸಿದ್ಯಾ? ಇಪ್ಪತ್ತೆರಡು ವರ್ಷದಿಂದ ಇದನ್ನೇ ಒತ್ತಿಕೊಂಡು ಕೂತಿದ್ಯಾ? ಉಳಿದ ಹನ್ನೊಂದು ಹಾಡಿಗೂ ಇದನ್ನ ಒತ್ತಿದ್ರೆ ಆಯ್ತು. ಅದಕ್ಕೆ ಆ ಹೊಸ ಕಂಪ್ಯೂಟರ್ರೂ ಬೇಡ, ನೀನೂ ಬೇಡ. ನಾನೇ ಒತ್ತುತೀನಿ."

ಆ ಬಟನ್ ಅಂದರೆ ಏನೂ ಮಾಡದಿರುವ ಬಟನ್ ಎಂದು ಹೇಳಲು ಸದ್ದಪ್ಪ ಬಾಯಿ ತೆರೆದ. ಹೇಳಿದರೆ, ಏನೂ ಮಾಡದ ಕೆಲಸಕ್ಕೆ ಆಳು ಯಾಕೆ ಅನ್ನುತ್ತಾರೆ. ಹೇಳದಿದ್ದರೆ, ಒಂದು ಬಟನ್ನಿನ ಕೆಲಸಕ್ಕೆ ಆಳು ಯಾಕೆ ಅನ್ನುತ್ತಾರೆ. ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ತನ್ನ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡ. ಹೆಡ್‌ಫೋನನ್ನು ಮೊಳೆಗೆ ಸಿಕ್ಕಿಸಿ ಬಾಗಿಲ ಕಡೆ ನಡೆದ.

"ಏ ಸದ್ದಪ್ಪ" ಎಂದು ಧಣಿ ಹಿಂದಿನಿಂದ ಕೂಗಿದರು.

ಸದ್ದಪ್ಪ ಆಸೆಯಿಂದ ತಿರುಗಿದ.

"ಹೋಗೋ ಮುಂಚೆ ಈ ಕಂಪ್ಯೂಟರನ್ನ ಆನ್ ಮಾಡೋದು ಎಲ್ಲಿ ಅಂತ ತೋರಿಸಿ ಹೋಗು."