ಭಾವನ ಕೋವಿಗೆ ತೋಟಾ ಆರಿಸಿದ್ದು

ನಾನು ಮನಸ್ಸಿಟ್ಟು ಮಾಡುವ ಕೆಲಸವೆಲ್ಲ ಕೊನೆಗೆ ಬೇರೆಯವರ ನಗುವಿಗೆ ವಸ್ತುವಾಗುತ್ತದೆ. ಇದು ನನಗೆ ರೂಢಿಯಾಗಿಬಿಟ್ಟಿದೆ. ಆದರೆ ಕ್ಯಾಂಪ್‌ಬೆಲ್ಲಿನಲ್ಲಿ ಕೂತು ನ್ಯೂಜಿಲೆಂಡಿನ ಹಂದಿಗೆ ಗುಂಡು ಆರಿಸಲು ಹೊರಟಾಗ ನಡೆದದ್ದನ್ನು ನೆನೆದರೆ ನಗುವಿನ ಜೊತೆಗೆ ಎದೆಯಲ್ಲಿ ಏನೋ ಚುರುಕ್ ಅನ್ನುತ್ತದೆ.

ಕೋವಿ ನಂದು, ತೋಟಾ ನಿಂದು

ಭಾವ ನನ್ನ ಸೋದರತ್ತೆಯ ಮಗ. ಕೊಡಗಿನಲ್ಲಿ ಒಟ್ಟಿಗೆ ಬೆಳೆದವರು ನಾವು. ದೊಡ್ಡವರು ಬೇಟೆಗೆ ಹೊರಟರೆ ಹಿಂದೆ ಹಿಂದೆ ಓಡುತ್ತಿದ್ದೆವು. ನಾನು ಇಲ್ಲಿ ಅಮೆರಿಕಕ್ಕೆ ಬಂದೆ, ಅವನು ಅತ್ತೆಯನ್ನೂ ಕರೆದುಕೊಂಡು ನ್ಯೂಜಿಲೆಂಡಿಗೆ ಹೋಗಿ ಹಸು ಸಾಕಿಕೊಂಡು ಉಳಿದ. ಅಲ್ಲಿ ಕಾಡುಹಂದಿ ಹೊಡೆಯಲು ಯಾರ ಅಡ್ಡಿಯೂ ಇಲ್ಲ. ಪ್ರತಿ ವರ್ಷ ಕರೆಯುತ್ತಿದ್ದ, ಪ್ರತಿ ವರ್ಷ ನಾನು ಮುಂದಿನ ವರ್ಷ ಅನ್ನುತ್ತಿದ್ದೆ.

ಒಂದು ದಿನ ಅವನ ಫೋನು ಬಂತು. ನಮ್ಮ ಮಾತು ಕೊಡವ ಭಾಷೆಯಲ್ಲಿ ನಡೆಯುತ್ತದೆ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

"ನನ್ನ ಎರಡು ಮಂಡಿಗೂ ಆಪರೇಷನ್ನು. ಆಮೇಲೆ ಗುಡ್ಡ ಹತ್ತೋ ಹಾಗಿಲ್ಲ ಅಂದಿದ್ದಾನೆ ಡಾಕ್ಟರು. ಈ ಸಲ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ."

"ಬರ್ತೇನೆ" ಅಂದೆ.

"ನನ್ನ ರೈಫಲ್ಲು ಕೊಡ್ತೇನೆ. ಅದಕ್ಕೆ ಯಾವ ಕಂಪನಿಯ ತೋಟಾ ತರಲಿ, ಎಷ್ಟು ತೂಕದ ಗುಂಡು, ಅದನ್ನು ನೀನೇ ಹೇಳಬೇಕು."

ಊರಲ್ಲಿ ದೊಡ್ಡಪ್ಪ ಜೇಬಿನಿಂದ ತೆಗೆದು ಕೊಟ್ಟದ್ದೇ ತೋಟಾ. ಆರಿಸುವ ಪ್ರಶ್ನೆಯೇ ಇರಲಿಲ್ಲ. ಈಗ ನೋಡಿದರೆ ಒಂದೇ ರೈಫಲ್ಲಿಗೆ ಅಂಗಡಿಯ ಒಂದು ಗೋಡೆಯಷ್ಟು ತೋಟಾ. ಮೊದಲ ವಾರದಲ್ಲೇ ನಾನು ಅವನಿಗೆ ದಿನಾ ಫೋನು ಮಾಡತೊಡಗಿದೆ. ಇಷ್ಟು ವರ್ಷ ಅವನ ಹುಟ್ಟುಹಬ್ಬಕ್ಕೂ ಮಾಡಿದವನಲ್ಲ.

ಮೀಟಿಂಗು

ಎಂಜಿನಿಯರ್ ಆದವನು ಮೊದಲು ಮಾಡುವ ಕೆಲಸವನ್ನೇ ಮಾಡಿದೆ. ಎಕ್ಸೆಲ್ ತೆರೆದು ತೋಟಾಗಳನ್ನೆಲ್ಲ ಸಾಲಾಗಿ ಬರೆದೆ. ಕೊನೆಯ ಕಾಲಮ್ಮಿಗೆ "ಒಂದೇ ಏಟಿಗೆ ಬೀಳುತ್ತದೆಯೇ?" ಅಂತ ಇಂಗ್ಲಿಷಿನಲ್ಲಿ ತಲೆಬರಹ ಕೊಟ್ಟೆ.

ಸೋಮವಾರದ ಮೀಟಿಂಗಿನಲ್ಲಿ ಪ್ರಾಜೆಕ್ಟು ಎಲ್ಲೆಲ್ಲಿ ತಡವಾಗಿದೆ ಅಂತ ತೋರಿಸಲು ಸ್ಕ್ರೀನು ಹಂಚಿಕೊಂಡೆ. ತೆರೆದುಕೊಂಡದ್ದು ಆ ಹಾಳೆ. ನನಗೆ ಗೊತ್ತಾಗುವಷ್ಟರಲ್ಲಿ "ಈ ಕೆಲಸ ಈ ವಾರ ಮುಗಿಯಲೇಬೇಕು" ಅಂತ ಗಟ್ಟಿಯಾಗಿ ಹೇಳಿಯೂ ಆಗಿತ್ತು.

ಬುಧವಾರದೊಳಗೆ ಎಲ್ಲರೂ ಅವರವರ ಕೆಲಸ ಮುಗಿಸಿಕೊಟ್ಟರು.

ಹೇವರ್ಡಿನ ಅಂಗಡಿ

ಹೇವರ್ಡಿನ ಗೋದಾಮುಗಳ ಸಾಲಿನಲ್ಲಿ ಒಂದು ಬಂದೂಕಿನ ಅಂಗಡಿ ಇದೆ. ಅಲ್ಲಿ ಕೇಳಿಬರೋಣ ಅಂತ ಹೊರಟೆ. ಹೆಂಡತಿಯೂ ಬಂದಳು. ಅವಳು ಮೈಸೂರಿನವಳು, ಮೊಟ್ಟೆ ಒಡೆದ ಬಾಣಲೆಯನ್ನೂ ಬೇರೆ ಇಡುವವಳು. ನಾನು ಕೋವಿ ಗೀವಿ ಕೊಂಡುಬಿಟ್ಟೇನು ಅಂತ ಕಾವಲಿಗೆ ಬಂದಿದ್ದಳು.

ಅಂಗಡಿಯ ಮುದುಕನಿಗೆ ಮಾತಾಡುವ ಚಟ. ರೈಫಲ್ಲು ಎರವಲಿನದು ಅಂದ ಕೂಡಲೇ ಕುರ್ಚಿ ಎಳೆದುಕೊಂಡು ಕೂತ. ಎಲ್ಲ ಕೋವಿಗೂ ಎಲ್ಲ ತೋಟಾ ಒಗ್ಗುವುದಿಲ್ಲವಂತೆ. ಒಂದನ್ನು ನೆಟ್ಟಗೆ ಹೊಡೆಯುವ ಕೋವಿ ಇನ್ನೊಂದನ್ನು ಎತ್ತೆತ್ತಲೋ ಎಸೆಯುತ್ತದಂತೆ. "ಮೊದಲು ಆ ರೈಫಲ್ಲಿಗೆ ಯಾವುದು ಇಷ್ಟ ಅಂತ ತಿಳಕೊಂಡು ಬಾ" ಅಂತ ಅರ್ಧ ಗಂಟೆ ಹೇಳಿದ.

ಕಾರು ಫ್ರೀವೇ ಮುಟ್ಟಿದ ಮೇಲೆ ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ ಅಂದಳು: "ಕೋವಿಗೆ ಏನಿಷ್ಟ ಅಂತ ಕೇಳೋಕೆ ಹೇವರ್ಡ್ ತನಕ ಬಂದ್ರಿ. ನಂಗೇನಿಷ್ಟ ಅಂತ ಅಡುಗೆಮನೆ ತನಕಾನೂ ಬಂದಿಲ್ಲ."

ಸತ್ಯನಾರಾಯಣ ಪೂಜೆ

ಫ್ರೀಮಾಂಟಿನ ಗೆಳೆಯರ ಮನೆಯ ಪೂಜೆಯಲ್ಲಿ ಪ್ರಸಾದ ತಿನ್ನುತ್ತ ಈ ವಿಷಯ ಹೇಗೋ ಹೊರಬಿತ್ತು. ಬೇಳೆ ಬಿಟ್ಟು ಬೇರೇನನ್ನೂ ಬೇಯಿಸದವರೆಲ್ಲ ಸಲಹೆ ಕೊಡತೊಡಗಿದರು. ಒಬ್ಬರು ಭಾರದ ಗುಂಡು ಅಂದರೆ ಇನ್ನೊಬ್ಬರು ಹಗುರದ್ದು ಅಂದರು. ಇಬ್ಬರೂ ವಿಡಿಯೊ ನೋಡಿಯೇ ಕಲಿತವರು. ನಮ್ಮ ಮಗಳು "ಅಪ್ಪಾ, ಪ್ಲೀಸ್, ನಾಟ್ ಹಿಯರ್" ಅಂತ ಹೇಳಿ ಕಾರಿನಲ್ಲಿ ಹೋಗಿ ಕೂತಳು.

ಧಾರವಾಡದ ಹಿರಿಯ ಡಾಕ್ಟರೊಬ್ಬರು ಎಲ್ಲರನ್ನೂ ಸುಮ್ಮನಾಗಿಸಿದರು. "ಇಲ್ ಕೇಳ್ರಿ. ಸೀಸದ ಗುಂಡು ಬ್ಯಾಡ, ತಾಮ್ರದ್ದು ತಗೋರಿ. ಸೀಸ ಆರೋಗ್ಯಕ್ಕ ಛಲೋ ಅಲ್ಲ."

ನನ್ನ ಹೆಂಡತಿ ಕೇಳಿದಳು: "ಯಾರ ಆರೋಗ್ಯಕ್ಕೆ ಡಾಕ್ಟ್ರೇ, ಹಂದಿದಾ?"

ತೀರ್ಮಾನ

ಕೊನೆಗೆ ಸೋತು ಭಾವನಿಗೆ ಫೋನು ಮಾಡಿದೆ. "ನಿನ್ನ ಕೋವಿಗೆ ಯಾವುದು ಒಗ್ಗಿದೆಯೋ, ನೀನು ಯಾವಾಗಲೂ ಯಾವುದು ಹಾಕುತ್ತೀಯೋ, ಅದೇ ಇರಲಿ."

"ಅದು ಆಗಲೇ ಬೀರುವಿನಲ್ಲಿದೆ. ನಿನ್ನನ್ನು ಕೇಳುವ ಮೊದಲೇ ತಂದಿಟ್ಟಿದ್ದೆ."

"ಮತ್ತೆ ನನ್ನನ್ನು ಯಾಕೋ ಇಷ್ಟು ಸುತ್ತಿಸಿದೆ?"

"ಕೇಳದೇ ಇದ್ದಿದ್ದರೆ ನೀನು ದಿನಾ ಫೋನು ಮಾಡುತ್ತಿದ್ದೆಯಾ?"

ಅವತ್ತೇ ಟಿಕೆಟ್ಟು ಮಾಡಿದೆ.

ಒಂದು ಗುಂಡು

ಹೋದ ಮರುದಿನ ದೂರದ ಶೂಟಿಂಗ್ ರೇಂಜಿನಲ್ಲಿ ಗುರಿ ನೋಡಿಕೊಂಡೆವು. ಆ ತೋಟಾ ಆ ಕೋವಿಯಲ್ಲಿ ಅಚ್ಚುಕಟ್ಟಾಗಿ ಹೋಗುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಮನೆಯ ಹಿಂದಿನ ಗುಡ್ಡ ಹತ್ತಿದೆವು. ಭಾವ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಮಂಡಿ ನೋವಿಗಲ್ಲ, ಹಂದಿಯ ಜಾಡು ನೋಡಲು ನಿಂತೆ ಅನ್ನುತ್ತಿದ್ದ. ನಾನೂ ನಂಬಿದವನ ಹಾಗೆ ನಿಲ್ಲುತ್ತಿದ್ದೆ.

ಜರಿಗಿಡದ ಸಂದಿಯಿಂದ ಒಂದು ದೊಡ್ಡ ಗಂಡು ಹಂದಿ ಹೊರಗೆ ಬಂತು. ಹೊಡೆದೆ. ಗುಂಡು ಅದರ ಬೆನ್ನ ಮೇಲಿನಿಂದ ಹೋಗಿ ಆಚೆಯ ಮಣ್ಣು ಹಾರಿಸಿತು. ಹಂದಿ ಎತ್ತ ಓಡಲಿ ಅಂತ ತಿಳಿಯದೆ ಅಡ್ಡಡ್ಡ ನಿಂತುಬಿಟ್ಟಿತು. ಇನ್ನೊಂದು ತೋಟಾ ಏರಿಸಿದೆ. ಅಷ್ಟರಲ್ಲಿ ಭಾವ ನನ್ನ ಕೈ ಹಿಡಿದ.

"ಬೇಡ. ಅಮ್ಮ ಮನೆಯಲ್ಲಿದ್ದಾಳೆ."

ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು. ಅತ್ತೆಗೆ ಈಗ ಮರೆವು. ಹೊರಗಿರುವುದು ನ್ಯೂಜಿಲೆಂಡು ಅನ್ನುವುದು ಅವಳಿಗೆ ನೆನಪಿಲ್ಲ, ಗುಂಡಿನ ಲೆಕ್ಕ ಮಾತ್ರ ಮರೆತಿಲ್ಲ.

"ಹೋದ ವರ್ಷ ಎರಡು ಹೊಡೆದೆ" ಅಂದ ಭಾವ. "ಮನೆಗೆ ಬಂದರೆ ಬಿಳಿ ಸೀರೆ ಉಟ್ಟು ನನ್ನ ಹೆಸರು ಹಿಡಿದು ಅಳುತ್ತಿದ್ದಳು. ನಾನು ಬದುಕಿದ್ದೇನೆ ಅಂತ ನಂಬಿಸಲು ಸಂಜೆಯಾಯಿತು."

ಹಂದಿ ಅಷ್ಟು ಹೊತ್ತೂ ಕಾದು, ಆಮೇಲೆ ತನ್ನ ಪಾಡಿಗೆ ನಡೆದುಹೋಯಿತು. ನಾವು ಹುಲ್ಲಿನ ಮೇಲೆ ಕೂತು ನಕ್ಕೆವು. ನಗು ನಿಂತ ಮೇಲೂ ಎದ್ದು ಹೋಗಲು ಇಬ್ಬರಿಗೂ ಮನಸ್ಸಾಗಲಿಲ್ಲ. ಇಂಥ ಬೆಳಗುಗಳು ಎಷ್ಟೊಂದು ಇದ್ದವು, ಅವನು ಕರೆದಾಗಲೆಲ್ಲ ಬರಬಹುದಿತ್ತು ಅನ್ನಿಸಿ ನನಗೆ ಅಳು ಬಂತು. ಭಾವ ನೋಡದವನ ಹಾಗೆ ತನ್ನ ಮಂಡಿ ತಿಕ್ಕಿಕೊಳ್ಳುತ್ತಿದ್ದ.

ಬರಿಗೈಯಲ್ಲಿ ಇಳಿದು ಬಂದಾಗ ಅತ್ತೆ ಒಳ್ಳೆಯ ಸೀರೆ ಉಟ್ಟು, ಸಕ್ಕರೆಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಒಂದು ಗುಂಡು ಕೇಳಿಸಿತು. ಯಾರ ಮನೆಯಲ್ಲಿ ಗಂಡು ಮಗು?"

ಭಾವ ನನ್ನನ್ನು ಮುಂದಕ್ಕೆ ದೂಡಿದ. "ನಿನ್ನ ಅಣ್ಣನ ಮನೆಯಲ್ಲಿ. ಇದೇ ಮಗು."

ಅತ್ತೆ ನನ್ನ ನರೆತ ಮೀಸೆಯನ್ನು ಮುಟ್ಟಿ ಮುಟ್ಟಿ ನೋಡಿ, ಬಾಯಿಗೆ ಸಕ್ಕರೆ ಹಾಕಿದಳು.

"ನಡೆದುಕೊಂಡೇ ಬಂತಾ?" ಅಂದಳು.

"ಹೌದತ್ತೆ" ಅಂದೆ. "ಅದಕ್ಕೇ ಇಷ್ಟು ತಡವಾಯಿತು."