ಹೊಲಿಗೆ ಹಾಕಿದ ಪತ್ತೇದಾರಿ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ನಶ್ಯದ ಚಟ, ಇನ್ನು ಕೆಲವರಿಗೆ ಮಂದಿ ಮನೆಯ ಪಂಚಾಯಿತಿಯ ಚಟ. ನನ್ನದು ಮಂಜಿನ ಚಟ. ನಗಬೇಡಿ. ಕಲಬುರಗಿಯಲ್ಲಿ ಹುಟ್ಟಿ, ಬ್ರಹ್ಮಪುರದ ಕಲ್ಲುಮನೆಯಲ್ಲಿ ಬೆಳೆದು, ವೈಶಾಖದಲ್ಲಿ ತಲೆಗೆ ಒದ್ದೆ ವಸ್ತ್ರ ಸುತ್ತಿಕೊಂಡು ತಹಸೀಲ ಕಚೇರಿಗೆ ಹೋಗುವ ಗುಮಾಸ್ತನಿಗೆ ಮಂಜು ಎಲ್ಲಿ ಸಿಕ್ಕಿತು ಎಂದು ಕೇಳುತ್ತೀರಿ. ಶಹಾಬಜಾರದ ಅತ್ತರಿನ ಅಂಗಡಿಯಲ್ಲಿ ಸಿಕ್ಕಿತು. ಅಲ್ಲಿನ ಮುದುಕ ಅತ್ತರಿನ ಸೀಸೆಗಳ ಹಿಂದೆ ಹೈದರಾಬಾದಿನಿಂದ ರೈಲಿನಲ್ಲಿ ಬರುವ ಉರ್ದು ಪತ್ತೇದಾರಿ ಕಾದಂಬರಿಗಳನ್ನು ಇಟ್ಟುಕೊಂಡಿರುತ್ತಿದ್ದ. ಒಂದೊಂದು ಕಾದಂಬರಿಗೂ ಐದೈದು ಹಿಸ್ಸೆ, ಅಂದರೆ ಐದು ತೆಳ್ಳನೆಯ ಭಾಗ. ಎಲ್ಲದರಲ್ಲಿಯೂ ಪತ್ತೇದಾರ ಒಬ್ಬನೇ, ವಿಲಾಯತಿಯ ಒಬ್ಬ ಸಾಹೇಬ. ಅವನ ಹೆಸರಿಗೆ ನಮ್ಮ ನಾಲಿಗೆ ಹೊರಳುತ್ತಿರಲಿಲ್ಲ. ಸದಾ ಕೊಡೆ ಹಿಡಿದುಕೊಂಡೇ ತಿರುಗುತ್ತಿದ್ದನಾದ್ದರಿಂದ ನಮ್ಮವ್ವ ಅವನಿಗೆ ಕೊಡೆಸಾಹೇಬ ಎಂದು ಹೆಸರಿಟ್ಟಿದ್ದಳು.

ಆ ಕಾದಂಬರಿಗಳಲ್ಲಿ ಏನಿತ್ತು ಎಂದರೆ, ಖರೇ ಹೇಳುತ್ತೇನೆ, ಬಹಳ ಹೊತ್ತು ಏನೂ ಇರುತ್ತಿರಲಿಲ್ಲ. ಹತ್ತು ಪುಟ ಬರೀ ಮಂಜು. ಆಮೇಲೆ ಜಿಟಿಜಿಟಿ ಮಳೆ. ಆಮೇಲೆ ಒಂದು ಸಾರೋಟು, ಅದರ ಮಂಕು ದೀಪ, ದೂರದಲ್ಲಿ ಬೊಗಳುವ ನಾಯಿ. ಕೊಲೆಯಾಗುವುದು ಹದಿನೈದನೇ ಪುಟದಲ್ಲಿ, ಅಷ್ಟರೊಳಗೆ ಓದುವವನಿಗೆ ನೆಗಡಿಯೇ ಬಂದಿರುತ್ತದೆ. ನನಗೆ ಬೇಕಾಗಿದ್ದದ್ದೂ ಆ ನೆಗಡಿಯೇ. ಹೊರಗೆ ಅಂಗಳದ ಹಾಸುಗಲ್ಲಿನ ಮೇಲೆ ಹಪ್ಪಳ ಸುಡಬಹುದಾದಂಥ ಬಿಸಿಲು, ಒಳಗೆ ನಾನು ಕೊಡೆಸಾಹೇಬನ ಜೊತೆ ಗಡಗಡ ನಡುಗುತ್ತಿದ್ದೆ. ಇದಕ್ಕಿಂತ ಅಗ್ಗದ ಮಹಾಬಲೇಶ್ವರ ಯಾವ ಗುಮಾಸ್ತನಿಗೆ ಸಿಕ್ಕೀತು?

ಓದು ನಡೆಯುತ್ತಿದ್ದದ್ದು ಶುಕ್ರವಾರ ಮಧ್ಯಾಹ್ನ, ನಿಜಾಮರ ಕಚೇರಿಗಳಿಗೆ ರಜೆಯಿದ್ದ ದಿನ. ಅವ್ವನಿಗೂ ನನ್ನ ಹೆಂಡತಿ ಗುರುಬಾಯಿಗೂ ಓದು ಬರುತ್ತಿರಲಿಲ್ಲ. ನಾನು ಉರ್ದುವಿನಲ್ಲಿ ನೋಡಿ ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದೆ. ಬಾಗಿಲು ಹಾಕಿ, ಕಿಟಕಿಗೆ ಗೋಣಿತಟ್ಟು ಕಟ್ಟಿ ನೀರು ಚಿಮುಕಿಸಿ, ನಾನು ಕಂಬಳಿ ಹೊದ್ದು ಕೂಡುತ್ತಿದ್ದೆ. ಕಂಬಳಿ ಇಲ್ಲದೆ ನನಗೆ ಓದಲು ಹುರುಪೇ ಬರುತ್ತಿರಲಿಲ್ಲ. ಮಂಜಿನ ವರ್ಣನೆ ಬಂದಾಗ ಅವ್ವ ಕೆಂಡದ ಮೇಲೆ ಲೋಬಾನ ಹಾಕುತ್ತಿದ್ದಳು. ಹೊಗೆ ಮನೆತುಂಬ ಆದ ಮೇಲೆ ಮೂವರೂ ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಮುಂದೆ ಸಾಗುತ್ತಿದ್ದೆವು. ಒಮ್ಮೆ ಪಕ್ಕದ ಮನೆಯವರು ಬೆಂಕಿ ಬಿತ್ತೆಂದು ಕೊಡ ತಂದು ಬಾಗಿಲಿಗೆ ನೀರು ಸುರಿದರು. ಅವ್ವನಿಗೆ ಅದೂ ಕಥೆಯೊಳಗಿನ ಮಳೆಯಂತೆಯೇ ಕೇಳಿಸಿತಂತೆ. ಆಕೆಯ ಚಿಂತೆಯೇ ಬೇರೆ.

"ಯಪ್ಪಾ, ದಿನಾ ಹಿಂಗ ಮಂಜು ಬಿದ್ರ ಆ ಊರಾಗ ಜ್ವಾಳ ಹೆಂಗ ಒಣಗಸ್ತಾರೋ?"

"ಅವ್ವಾ, ಅಲ್ಲಿ ಖೂನಿ ಆಗ್ಯಾದ!"

"ಖೂನಿ ಎಲ್ಲಾ ಊರಾಗೂ ಆಗ್ತಾವ. ಜ್ವಾಳಕ್ಕ ಹುಳ ಬಿದ್ರ ಏನ್ ತಿಂತಾರ, ಅದನ್ ಹೇಳು."

ಈ ಸಂಸಾರದಲ್ಲಿ ಒಂದೇ ಒಂದು ಕಾನೂನು ಇತ್ತು. ಯಾರೂ ಮುಂದಿನದನ್ನು ಕದ್ದು ಓದಬಾರದು. ಓದು ಬರುವವನು ನಾನೊಬ್ಬನೇ ಆದ್ದರಿಂದ ಕಾನೂನು ಯಾರ ಮೇಲೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ಒಮ್ಮೆ ತಪ್ಪಿದೆ. ಊಟಕ್ಕೆ ಕೂತಾಗ ಬಾಯಿ ಜಾರಿ, "ಪಾಪ, ಆ ಅಳಿಯಾನೂ ಸಾಯ್ತಾನ" ಎಂದುಬಿಟ್ಟೆ. ಅವ್ವ ಮುರಿದ ರೊಟ್ಟಿ ತಾಟಿನಲ್ಲಿ ಬಿಟ್ಟು ಎದ್ದಳು, ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಅಂದಿನಿಂದ ಗುರುಬಾಯಿ ಓದು ಮುಗಿದ ಕೂಡಲೇ ದಬ್ಬಣ ತಂದು, ಓದದೆ ಉಳಿದ ಪುಟಗಳ ಅಂಚಿಗೆ ಸುತ್ತ ಕೌದಿ ಹೊಲಿಗೆ ಹಾಕಲು ಶುರುಮಾಡಿದಳು. ಮುಂದಿನ ಶುಕ್ರವಾರ ಹೊಲಿಗೆ ಬಿಚ್ಚುವವಳೂ ಅವಳೇ. ಸರ್ಕಾರಿ ಖಜಾನೆಯ ಮೊಹರನ್ನಾದರೂ ಒಡೆದೇನು, ಆ ಹೊಲಿಗೆಯನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ.

ಹೀಗಿರಲು, ಕೋಟೆಮನೆಯೊಂದರ ಮುದಿ ಯಜಮಾನನ ಕೊಲೆಯ ಕಥೆ ಐದನೇ ಹಿಸ್ಸೆಗೆ ಬಂತು. ಅನುಮಾನವಿದ್ದದ್ದು ಮೂವರ ಮೇಲೆ: ಸಾಲಗಾರ ತಮ್ಮ, ಮನೆಯ ಡಾಕ್ಟರ, ಕುರುಡ ಮಾಲಿ. ನಾನು ಡಾಕ್ಟರನೇ ಎಂದು ಆಣೆ ಮಾಡಿ ಹೇಳಿದ್ದೆ. ಕಡೆಯ ಪ್ರಕರಣ ಒಂದೇ ಉಳಿದಿತ್ತು, ಅದಕ್ಕೆ ಹೊಲಿಗೆ ಬಿತ್ತು. ಮರುದಿನ ಬೆಳಗ್ಗೆ ಕಚೇರಿಗೆ ಹೋದರೆ ನನಗೆ ಕಮಲಾಪುರಕ್ಕೆ ಹೋಗಲು ಹುಕುಂ! ಅಲ್ಲಿನ ಒಬ್ಬ ಗೌಡರ ತೋಟದಲ್ಲಿ ಏಳು ಕೆಂಪು ಬಾಳೆಗೊನೆ ಕಳುವಾಗಿದ್ದವು. ಊರ ಪೊಲೀಸ ಪಟೇಲ ಅವರ ದಾಯಾದಿ, ಅವನ ಮೇಲೆ ನಂಬಿಕೆಯಿಲ್ಲದೆ ಗೌಡರು ನೇರವಾಗಿ ತಹಸೀಲದಾರ ಸಾಹೇಬರಿಗೇ ಅರ್ಜಿ ಕೊಟ್ಟಿದ್ದರು. ಕಮಲಾಪುರ ಗುರುಬಾಯಿಯ ತವರು. ಗಂಟು ಕಟ್ಟುವಾಗ ನಾನು ಮೆಲ್ಲಗೆ ಪುಸ್ತಕವನ್ನೂ ಸೇರಿಸಿದೆ.

"ಓದಿದ್ದನ್ನs ಮತ್ತೊಮ್ಮೆ ಓದ್ತೀನಿ, ಅಷ್ಟs" ಎಂದೆ.

"ಒಯ್ರಿ, ಹೆಂಗೂ ಹೊಲಿಗಿ ಹಾಕೀನಿ" ಎಂದಳು, ತಲೆ ಎತ್ತದೆ.

ಎತ್ತಿನ ಗಾಡಿಯಲ್ಲಿ ಮೈ ಮುರಿಸಿಕೊಂಡು ಕಮಲಾಪುರ ಮುಟ್ಟಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ವಿಚಾರ: ಇದು ನನ್ನ ಮೊದಲ ಕೇಸು. ಹೆಜ್ಜೆ ಗುರುತು ನೋಡಬೇಕು, ಮಣ್ಣು ಮೂಸಬೇಕು, ಯಾರನ್ನೂ ನಂಬಬಾರದು. ಗೌಡರ ಮನೆಯ ಹೊಸ್ತಿಲು ದಾಟುವ ಮೊದಲೇ ಗೌಡ್ತಿ ಎದುರು ಬಂದು, "ಸುಮ್ನs ಯಾಕ ಬಿಸಿಲಾಗ ತಿರಗ್ತೀರಿ ಅಳಿಯಂದಿರs? ಗೊನಿ ನಾನs ಕಡಿಸಿ ಬಸುರಿ ಮಗಳ ಕುಪ್ಪಸದ ಕಾರ್ಯಕ್ಕ ಕಳಿಸೀನಿ. ಇವರಿಗೆ ಕೇಳಿದ್ರ ಎರಡು ಹಣ್ಣು ಕೊಡ್ತಿದ್ರು. ಬರಕೋರಿ" ಎಂದುಬಿಟ್ಟಳು. ಊರ ಅಳಿಯನೆಂದರೆ ಅಲ್ಲಿ ಎಲ್ಲರಿಗೂ ಅಳಿಯನೇ. ಆದರೆ ಅಳಿಯನ ಮೇಲೆ ಇಷ್ಟು ನಿರ್ದಯೆ ಸಲ್ಲದು. ಒಂದು ಹೆಜ್ಜೆ ಗುರುತನ್ನಾದರೂ ನೋಡಲು ಬಿಡಬಾರದಿತ್ತೇ? ಗೌಡರು ಹಿಂದೆ ನಿಂತು ತಲೆಯ ಪಟಗ ಸರಿಮಾಡಿಕೊಳ್ಳುತ್ತ ಆಕಾಶ ನೋಡಿದರು. ಕೇಸು ಮುಗಿಯಿತು.

ನನಗೆ ಅಳು ಬರುವುದೊಂದು ಬಾಕಿ. ಅವರು ಕೊಟ್ಟ ಕೆಂಪು ಬಾಳೆಹಣ್ಣು ಹಿಡಿದುಕೊಂಡು ತೋಟದ ನೆರಳಿನಲ್ಲಿ ಕೂತು ಪುಸ್ತಕ ತೆಗೆದೆ. ಹೊಲಿಗೆಯ ನಡುವೆ ಒಂದು ಕಡೆ ಬೆರಳು ಹೋಗುವಷ್ಟು ಸಂದು ಇತ್ತು. ಸಂದು ಅಗಲಿಸಿ ಒಂದು ಕಣ್ಣು ಮುಚ್ಚಿ ಇಣುಕಿದೆ. ಕತ್ತಲಲ್ಲಿ ಅರ್ಧ ಸಾಲು ಕಂಡಿತು: "ಖೂನಿ ಮಾಡಿದವನು ಬೇರೆ ಯಾರೂ ಅಲ್ಲ, ಈ ಕೋಣೆಯಲ್ಲೇ..." ಅಲ್ಲಿಂದ ಮುಂದೆ ದಾರ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಸೂರ್ಯನಿಗೆ ಹಿಡಿದೆ, ತಲೆಕೆಳಗೆ ಮಾಡಿ ಜಾಡಿಸಿದೆ. ಹೆಸರೇನು ಉದುರುತ್ತದೆಯೇ? ನನ್ನನ್ನು ನೋಡಿದ ತೋಟದ ಆಳು ಕುಡಿಯಲು ನೀರು ತಂದಿಟ್ಟು ದೂರ ಸರಿದು ನಿಂತ.

ಆ ಹೊಟ್ಟೆಯುರಿಯಲ್ಲಿ ವರದಿ ಬರೆಯಲು ಕೂತೆ. "ಗೌಡರ ಹೆಂಡತಿಯೇ ಕಳಿಸಿದ್ದಾಳೆ, ಕಳುವಾಗಿಲ್ಲ" ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾನು ಬರೆದದ್ದು ಒಂಬತ್ತು ಪುಟ! "ಕಮಲಾಪುರದ ಮೇಲೆ ದಟ್ಟವಾದ ಮಂಜು ಕವಿದಿತ್ತು" ಎಂದು ಶುರುವಾಯಿತು. ಮಂಜಿನಲ್ಲಿ ಬಾಳೆಗಿಡಗಳು ಪಿಸುಗುಟ್ಟಿದವು, ಭಾವಿಯ ರಾಟೆ ನರಳಿತು, ನಾಯಿ ಬೊಗಳಿತು. ಗೌಡ್ತಿಯ ಹೆಸರು ಬರೆಯುವ ಹೊತ್ತಿಗೆ ಕೈ ತಡೆಯಿತು. ಎಲ್ಲವನ್ನೂ ಒಂದೇ ವರದಿಯಲ್ಲಿ ಹೇಳಿಬಿಟ್ಟರೆ ಓದುವವರಿಗೆ ಏನು ಸುಖ? "ಅಷ್ಟರಲ್ಲಿ ಗೋಡೆಯ ಹಿಂದೆ ಬಳೆಗಳ ಸದ್ದಾಯಿತು! ಬಾಕಿ ಮುಂದಿನ ವರದಿಯಲ್ಲಿ" ಎಂದು ಬರೆದು ಸಹಿ ಹಾಕಿದೆ. ಕಲಬುರಗಿಗೆ ಬಂದು ವರದಿ ಒಪ್ಪಿಸಿದ ಮೇಲೆಯೇ ನನಗೆ ನನ್ನ ಹೆಸರು, ಹುದ್ದೆ, ಅವ್ವ, ಹೆಂಡತಿ ಎಲ್ಲ ನೆನಪಾದದ್ದು.

ಸಾಹೇಬರು ಕರೆಸಿದರು. ಹೈದರಾಬಾದಿನ ಆ ಮನುಷ್ಯ ನಕ್ಕದ್ದನ್ನು ನಮ್ಮ ಕಚೇರಿಯಲ್ಲಿ ಯಾರೂ ನೋಡಿದ್ದಿಲ್ಲ. ವರದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಮುನ್ಷೀಜಿ, ವೈಶಾಖದಲ್ಲಿ ಕಮಲಾಪುರಕ್ಕೆ ಮಂಜು ಎಲ್ಲಿಂದ ಬಂತು?" ಎಂದು ಉರ್ದುವಿನಲ್ಲಿ ತಣ್ಣಗೆ ಕೇಳಿದರು.  ನಾನು ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, "ಹುಜೂರ್, ಇದರಿಂದ" ಎಂದೆ. ಅವರು ಹೊಲಿಗೆ ನೋಡಿದರು, ನನ್ನನ್ನು ನೋಡಿದರು, ಹೊಲಿಗೆಯ ಕಾರಣ ಕೇಳಿದರು. ಹೇಳಿದೆ. "ಇದನ್ನು ಮಿಸಲಿಗೆ ಸೇರಿಸಿ" ಎಂದು ಪುಸ್ತಕವನ್ನು ಕಡತದೊಳಗೆ ಕಟ್ಟಿಸಿಟ್ಟರು. ನನ್ನ ನೌಕರಿಯೂ ಕಡೆಯ ಪ್ರಕರಣವೂ ಒಂದೇ ಕೆಂಪು ಲಾಡಿಯೊಳಗೆ ಸಿಕ್ಕಿಬಿದ್ದವು.

ಮುಂದಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ನೌಕರಿ ಹೋದರೆ ಅವ್ವನನ್ನೂ ಹೆಂಡತಿಯನ್ನೂ ಕರೆದುಕೊಂಡು ಎಲ್ಲಿಗೆ ಹೋಗಲಿ ಎಂಬ ಹೆದರಿಕೆ ಒಂದು ಕಡೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಡಾಕ್ಟರನೋ ಮಾಲಿಯೋ ಎಂಬ ತಳಮಳ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಕೇಳಬೇಡಿ. ಒಂದು ಶುಕ್ರವಾರ ಓದಿಲ್ಲದೆ ಹೋಯಿತು. ಪುಸ್ತಕ ಮಿಸಲಿನಲ್ಲಿದೆ ಎಂದಾಗ ಅವ್ವ ಕೇಳಿದ್ದು ಒಂದೇ ಮಾತು: "ಹೊಲಿಗಿ ಹುಷಾರ್ ಅದನೋ ಇಲ್ಲೋ?"

ಕಡೆಗೆ ಮಿಸಲು ನನ್ನ ಮೇಜಿಗೆ ಬಂತು. ಮೇಲೆ ಸಾಹೇಬರ ಕೈಯ ಹುಕುಂ, ಕೆಂಪು ಶಾಯಿಯಲ್ಲಿ: "ವರದಿ ವಾಪಸು. ಒಂದೇ ಸಾಲಿನಲ್ಲಿ ಬರೆದು ತರುವುದು. ಈ ಸಲ ನೌಕರಿ ಉಳಿಸಲಾಗಿದೆ. ಆದರೆ ಶಿಕ್ಷೆ ಇಲ್ಲದೆ ಬಿಡುವಂತಿಲ್ಲ: ಖೂನಿ ಮಾಡಿದವನು ಮಾಲಿ. ಅವನು ಕುರುಡನಲ್ಲ."

ನಿಜಾಮರ ರಾಜ್ಯದಲ್ಲಿ ಇಂಥ ಕ್ರೂರ ಶಿಕ್ಷೆ ಇನ್ನೊಬ್ಬ ನೌಕರನಿಗೆ ಆಗಿರಲಾರದು. ಪುಸ್ತಕ ತೆಗೆದು ನೋಡಿದರೆ ಹೊಲಿಗೆಯೆಲ್ಲ ಕತ್ತರಿಸಿಹೋಗಿತ್ತು. ಈಗ ನಡುಕ ಹುಟ್ಟಿದ್ದು ಮನೆಗೆ ಹೋಗಲು. ಗುರುಬಾಯಿ ಪುಸ್ತಕ ಕೈಗೆ ತೆಗೆದುಕೊಂಡಳು. ನಾನು ಹುಕುಂ ಮುಂದೆ ಹಿಡಿದು, "ನೋಡು, ಸಾಹೇಬರs ಬರದಾರ" ಎಂದೆ. ಅವಳಿಗೆ ಓದಲು ಬರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಅವಳು ಕಾಗದದ ಕಡೆ ನೋಡಲೇ ಇಲ್ಲ. ದಾರದ ತುದಿಗಳನ್ನು ಬೆಳಕಿಗೆ ಹಿಡಿದು, "ಇದು ನೀವು ಕೊಯ್ದಿದ್ದಲ್ಲ. ನಿಮ್ಮ ಚಾಕು ಮೊಂಡಾಗಿ ಎರಡು ತಿಂಗಳಾತು. ನೀವಾಗಿದ್ರ ಹಲ್ಲಿಲೆ ಕಡೀತಿದ್ರಿ, ದಾರ ಹಿಂಜಿರತಿತ್ತು" ಎಂದಳು. ನಾನು ಹುಕುಂ ಮಡಚಿ ಜೇಬಿಗೆ ಸೇರಿಸಿದೆ.

"ಮಾಲಿ ಅಂತ ಗೊತ್ತಾತಲ್ಲ ನಿಮಗ?" ಎಂದಳು ಮೆತ್ತಗೆ.

"ನಿನಗ್ಯಾರು ಹೇಳಿದ್ರು?"

"ನೀವs ಎರಡನೇ ಹಿಸ್ಸೆದಾಗ ಓದಿದ್ರಿ. ಮಾಲಿ ದೀಪ ಆರಿಸಿ ಮಲಗಿದ ಅಂತ. ಕುರುಡಗ ದೀಪ ಯಾಕ ಬೇಕ್ರೀ?"

ಆ ಸಾಲನ್ನು ನಾನೇ ಓದಿದ್ದೆ. ಕಂಬಳಿ ಹೊದ್ದು, ದನಿ ಏರಿಸಿ, ಇಳಿಸಿ ಓದಿದ್ದೆ. ಆಮೇಲೆ ಮೂರು ಹಿಸ್ಸೆ ಡಾಕ್ಟರನನ್ನು ಹಿಡಿದುಕೊಂಡು ಕೂತಿದ್ದೆ.  ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರ ನೀವು ಓದಾದs ಬಿಡ್ತಿದ್ರಿ. ವಾರಕ್ಕ ಒಂದಿನ ಮನ್ಯಾಗ ಕುಂದರತೀರಿ, ಅದೂ ಹೋಗ್ತಿತ್ತು" ಎಂದಳು.

"ಮತ್ತ ಈ ಹೊಲಿಗಿ ಯಾಕ?"

"ಅತ್ತಿಯವರ ಸಲುವಾಗಿ. ನಿಮ್ಮ ಬಾಯಿ ಹೆಂಗರೆ ತಡೀಬಹುದು, ನಿಮ್ಮ ಮಾರಿ ತಡ್ಯಾಕ ಆಗಂಗಿಲ್ರೀ. ಅದಕ್ಕ ನಿಮಗs ಗೊತ್ತಾಗಬಾರದಂತ ಹೊಲೀತಿದ್ದೆ."

ಇದು ನನಗೆ ನಾಟಿತು. ಹದಿನೈದು ವರ್ಷ ಸರ್ಕಾರಿ ನೌಕರಿ ಮಾಡಿದವನಿಗೆ ಮೋರೆಯನ್ನು ಹಿಡಿತದಲ್ಲಿಡಲು ಬರುವುದಿಲ್ಲವೇ? ಶುಕ್ರವಾರ ಬಂತು. ಗುರುಬಾಯಿ ಕಡೆಯ ಪ್ರಕರಣಕ್ಕೆ ಮತ್ತೆ ಹೊಲಿಗೆ ಹಾಕಿ, ಅವ್ವನ ಎದುರಿಗೆ ಏನೂ ಆಗಿಲ್ಲದವರ ಹಾಗೆ ಬಿಚ್ಚಿ ಕೊಟ್ಟಳು. ನಾನು ಕಂಬಳಿಯನ್ನು ಮೂಗಿನವರೆಗೂ ಎಳೆದುಕೊಂಡೆ. ಹುಬ್ಬು ಬಿಗಿದೆ, ಕಣ್ಣು ಕಿರಿದು ಮಾಡಿದೆ, ಕೊಡೆಸಾಹೇಬನ ಗಾಂಭೀರ್ಯವನ್ನೆಲ್ಲ ಆವಾಹಿಸಿಕೊಂಡು ಗಂಟಲು ಸರಿಮಾಡಿಕೊಂಡೆ. ಲೋಬಾನದ ಹೊಗೆ ಗಿಮ್ಮೆಂದು ಎದ್ದಿತು. ಅವ್ವ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದಳು. ನಾನಿನ್ನೂ ಮೊದಲ ಅಕ್ಷರ ಓದಿರಲಿಲ್ಲ.

"ಅಯ್ಯ, ಮಾಲಿ ಏನೋ ಯಪ್ಪಾ?" ಎಂದಳು.